ಗಾಡಿಯ ಕೆಳಗೆ ಮಲಗುವ ಕೆಲಸ

ಗಾಡಿ ನನ್ನ ಮೇಲೆ ಇಳಿಯುತ್ತಿತ್ತು.

ಬೀಳುತ್ತಿರಲಿಲ್ಲ... ಇಳಿಯುತ್ತಿತ್ತು. ನಿಧಾನವಾಗಿ, ಉಸ್ಸೆಂದು ಗಾಳಿ ಬಿಡುತ್ತ. ಎರಡೂವರೆ ಟನ್ ತೂಕದ ಡೀಸೆಲ್ ಆಫ್‌ರೋಡರ್. ನಾನು ಅದರ ಕೆಳಗೆ ಅಂಗಾತ ಮಲಗಿದ್ದೆ. ಬಲಗೈಯಲ್ಲಿ ಟಾರ್ಚ್, ಎಡಗೈಯಲ್ಲಿ ಫೋನು.

ಏರ್ ಸಸ್ಪೆನ್ಷನ್ ಗೊತ್ತಲ್ಲ? ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು. ಒಳಗೆ ಕೂತವರು ಒಂದು ಬಟನ್ ಒತ್ತಿದರೆ ಗಾಡಿ ಏಳುತ್ತದೆ. ಇನ್ನೊಂದು ಒತ್ತಿದರೆ ಕೂರುತ್ತದೆ. ದೊಡ್ಡ ಮನುಷ್ಯರಿಗೆ ಹತ್ತಿ ಇಳಿಯಲು ಸುಲಭವಾಗಲಿ ಅಂತ.

ಕಬ್ಬಿಣದ ಅಡ್ಡಪಟ್ಟಿಯೊಂದು ಎದೆಗೆ ತಾಗಿತು. ಒತ್ತಿತು. ನಿಂತಿತು.

“ಉಸಿರಾಡೋಕೆ ಆಗ್ತಿದೆಯಾ?” ಮೇಲಿನಿಂದ ಧ್ವನಿ ಬಂತು.

ಸೆಂಟು. ಹಳೇ ಗಾಡಿಗಳ ವ್ಯಾಪಾರಿ, ಆ ಯಾರ್ಡಿನ ಒಡೆಯ. ಅವನಿಗೆ ಬೇರೆ ಹೆಸರು ಇರಬಹುದು. ಆದರೆ ಬೆಳಿಗ್ಗೆ ಎದ್ದು ಅರ್ಧ ಬಾಟಲಿ ಮೈಮೇಲೆ ಸುರಿದುಕೊಂಡು ಬರುವವನನ್ನು ಇನ್ನೇನೆಂದು ಕರೆಯುವುದು?

“ಅರ್ಧ ಆಗ್ತಿದೆ,” ಎಂದೆ.

“ಇನ್ನರ್ಧ ಬೇಕಾ?”

“ಇದ್ರೆ ಒಳ್ಳೇದು.”

“ಹಾಗಿದ್ರೆ ಸೈನ್ ಹಾಕಿ. ಗಾಡಿ ಎ ಒನ್ ಅಂತ. ಆಮೇಲೆ ಆ ಫೋನ್ ಇಲ್ಲಿ ಕೊಡಿ.”

ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ನಾಲ್ಕು ವರ್ಷದಿಂದ ನನಗೆ ಯಾವುದೂ ಆಗುವುದಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ... ಹಾಗೆ, ಮೈಪೂರ್ತಿ.

ನೀವು ಕೇಳಿದಿರಿ, ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ಕೊಳ್ಳುವಾಗ ಏನೇನು ನೋಡಬೇಕು ಅಂತ. ಅದನ್ನೇ ಹೇಳುತ್ತಿದ್ದೇನೆ. ಸ್ವಲ್ಪ ತಾಳಿ.

ಕೊಳ್ಳುವವರ ಪರವಾಗಿ ಹೋಗಿ, ಗಾಡಿ ನೋಡಿ, ರಿಪೋರ್ಟ್ ಬರೆದು ಸೈನ್ ಹಾಕುವುದು ನನ್ನ ಕೆಲಸ. ಅವತ್ತು ಕೊಳ್ಳುವವರು ನನ್ನ ಅತ್ತಿಗೆ. ತೀರಿಕೊಂಡ ನಮ್ಮಣ್ಣನ ಹೆಂಡತಿ.

ಅತ್ತಿಗೆ ನರ್ಸ್. ಬೆಟ್ಟದ ಮೇಲಿನ ಹಳ್ಳಿಗಳಿಂದ ಬಸುರಿ ಹೆಂಗಸರನ್ನು ಕೆಳಗಿನ ಆಸ್ಪತ್ರೆಗೆ ಕರೆತರುತ್ತಾರೆ. ಹಳೇ ಜೀಪಿನ ಕುಲುಕಾಟಕ್ಕೆ ಒಂದು ಹೆರಿಗೆ ದಾರಿಯಲ್ಲೇ ಆಗಿತ್ತು. ಮಗು ಉಳಿಯಲಿಲ್ಲ. ಅದಕ್ಕೇ ಈ ಗಾಡಿ. ಎಂಥ ಕೆಸರನ್ನೂ ಹತ್ತುತ್ತದೆ, ಒಳಗೆ ಮಲಗಿದವರಿಗೆ ಹಳ್ಳ ದಿಣ್ಣೆ ಗೊತ್ತಾಗುವುದಿಲ್ಲ. ಆದರೆ ದಿನಕ್ಕೆರಡು ಸಲ ಹನ್ನೊಂದು ಕಿಲೋಮೀಟರ್ ಇಳಿಜಾರು ಇಳಿಯಬೇಕು. ಹಿಂದಿನ ಸೀಟಿನಲ್ಲಿ ಎರಡು ಜೀವ ಇಟ್ಟುಕೊಂಡು.

ಬೆಳಿಗ್ಗೆ ಯಾರ್ಡಿಗೆ ಹೋದವನು ಮೊದಲು ಬಾನೆಟ್ ಮೇಲೆ ಕೈಯಿಟ್ಟೆ.

ಬಿಸಿ.

“ಸ್ಟಾರ್ಟ್ ಮಾಡ್ಬೇಡಿ ಅಂತ ನಿನ್ನೆನೇ ಹೇಳಿದ್ದೆ,” ಎಂದೆ.

“ನಿಮಗೋಸ್ಕರ ತೊಳೆಸಿಕೊಂಡು ಬಂದ್ವಿ ಸಾರ್,” ಎಂದ ಸೆಂಟು.

ಡೀಸೆಲ್ ಇಂಜಿನ್ನಿನ ರೋಗ ಗೊತ್ತಾಗುವುದು ಅದು ತಣ್ಣಗೆ ಮಲಗಿದ್ದು ಎದ್ದಾಗ. ಕೆಮ್ಮುತ್ತದೆ, ಹೊಗೆ ಉಗುಳುತ್ತದೆ, ನಡುಗುತ್ತದೆ. ಒಮ್ಮೆ ಬಿಸಿಯಾದರೆ ಎಂಥ ಕಳ್ಳ ಇಂಜಿನ್ನೂ ಸಭ್ಯಸ್ಥನಂತೆ ಓಡುತ್ತದೆ. ಬಾನೆಟ್ ಬಿಸಿ ಇದ್ದರೆ ನೀವು ಅಲ್ಲಿಂದಲೇ ವಾಪಸ್ ಬರಬಹುದು. ನಾನು ಬರಲಿಲ್ಲ.

ಸೀಟ್ ಬೆಲ್ಟ್ ಎಳೆದೆ. ಕೊನೆಯವರೆಗೂ, ಇನ್ನು ಬರುವುದಿಲ್ಲ ಅನ್ನುವವರೆಗೂ. ಕೊನೆಯ ಗೇಣಿನಲ್ಲಿ ಕಂದು ಬಣ್ಣದ ಗೆರೆ ಇತ್ತು. ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ. ಬೆಲ್ಟನ್ನು ಕೊನೆಯವರೆಗೆ ಎಳೆದು ಯಾರೂ ತೊಳೆಯುವುದಿಲ್ಲ. ಗಾಡಿ ನೀರಿನಲ್ಲಿ ಮುಳುಗಿತ್ತು. ಸೀಟಿನ ಮಟ್ಟಕ್ಕೆ, ಬಹಳ ದಿನ.

ಆಮೇಲೆ ಕೆಳಗೆ ಹೋದೆ. ಚಾಸಿಯ ತೂತುಗಳಲ್ಲಿ ಬೆರಳು ಹಾಕಿದರೆ ನುಣ್ಣನೆ ಒಣಮಣ್ಣು. ಬ್ರೇಕ್ ಪೈಪುಗಳು ತುಕ್ಕು ಹಿಡಿದು ಊದಿಕೊಂಡಿದ್ದವು. ಮುಂದಿನದೂ ಹಿಂದಿನದೂ. ಬಾಗಿದ ಜಾಗದಲ್ಲಿ ಒದ್ದೆ. ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಹಕ್ಕಳೆ ಏಳುತ್ತಿತ್ತು. ನಾಲ್ಕು ಸಲ ಬ್ರೇಕ್ ಜೋರಾಗಿ ಒತ್ತಿದರೆ ಮುಗಿಯಿತು.

ಫೋಟೋ ತೆಗೆದು ಹೊರಗೆ ಬಂದೆ. ಆ ಸಾಲಿನಲ್ಲಿ ಅಂಥವೇ ಇನ್ನೂ ಒಂಬತ್ತು ಗಾಡಿ ನಿಂತಿದ್ದವು. ಎಲ್ಲಕ್ಕೂ ಹೊಸ ಕಾರ್ಪೆಟ್. ಅವುಗಳ ನಂಬರ್ ಪ್ಲೇಟುಗಳನ್ನೂ ತೆಗೆದೆ... ಸೆಂಟು ನೋಡಿದ್ದು ಅದನ್ನು.

ಇನ್ನೊಮ್ಮೆ ನೋಡೋಣವೆಂದು ಮತ್ತೆ ಕೆಳಗೆ ತೂರಿದ್ದೆ. ಈಗ ಎದೆಯ ಮೇಲೆ ಗಾಡಿ.

“ಸೈನ್ ಹಾಕ್ತೀನಿ,” ಎಂದೆ. “ಪೇಪರ್ ನನ್ನ ಕಾರಲ್ಲಿದೆ.”

ಗಾಡಿ ಮೇಲೆದ್ದಿತು. ಎರಡು ಕೈಗಳು ನನ್ನ ಕಾಲು ಹಿಡಿದು ಹೊರಗೆಳೆದವು. ಗೋಡೆಯ ಕೈಗಳು. ಗೋಡೆ ಸೆಂಟಿನ ಆಳು. ಮಾತು ಕಮ್ಮಿ, ಅಗಲ ಜಾಸ್ತಿ.

“ಎದೆ ನೋಯ್ತಿದೆಯಾ ಸಾರ್?” ಎಂದು ಕೇಳಿದ.

ಬೆದರಿಸಲು ಕೇಳಿದ್ದಲ್ಲ. ನಿಜವಾಗಿ ಕೇಳಿದ್ದು. ಷರ್ಟಿನ ಮಣ್ಣು ಕೊಡವಿಕೊಂಡು ಎದ್ದೆ.

ನನ್ನ ಕಾರು ಗೇಟಿನ ಪಕ್ಕದಲ್ಲಿತ್ತು. ಒಂದು ಲೀಟರ್ ಇಂಜಿನ್ನಿನ ಪುಟ್ಟ ಡಬ್ಬಿ. ಅತ್ತಿಗೆ ಮುಂದಿನ ಸೀಟಿನಲ್ಲಿ ಕೂತು ತಮ್ಮ ರಿಜಿಸ್ಟರಿನಲ್ಲಿ ಹೆರಿಗೆಯ ತಾರೀಕುಗಳನ್ನು ಬರೆಯುತ್ತಿದ್ದರು. ನಾನು ಹತ್ತಿ ಕೂತೆ. ಕೀ ತಿರುಗಿಸಿದೆ.

“ಗಾಡಿ ಹೇಗಿದೆ?”

“ಬೆಲ್ಟ್ ಹಾಕ್ಕೊಳ್ಳಿ ಅತ್ತಿಗೆ.”

ವಾಚ್‌ಮನ್ ಗೇಟು ಎಳೆಯತೊಡಗಿದ್ದ. ಅರ್ಧ ಉಳಿದಿತ್ತು. ನನ್ನ ಡಬ್ಬಿಗೆ ಅರ್ಧ ಸಾಕು. ಎಡಗಡೆಯ ಕನ್ನಡಿ ಮಾತ್ರ ಅಲ್ಲೇ ಉಳಿಯಿತು.

“ಹಿಡ್ಕೊಂಡು ಬಾ ಅವನ್ನ!” ಸೆಂಟಿನ ಕೂಗು ಕೇಳಿಸಿತು.

ಗೋಡೆ ಅದೇ ಆಫ್‌ರೋಡರ್ ಹತ್ತಿದ. ಇಂಜಿನ್ ಆನ್ ಇತ್ತು, ಹೊರಗಡೆ ಮುಖ ಮಾಡಿ ನಿಂತಿತ್ತು. ಗೇಟು ಪೂರ್ತಿ ತೆರೆಯಲು ಅವನಿಗೆ ಅರ್ಧ ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾವು ಬೆಟ್ಟದ ರಸ್ತೆಯಲ್ಲಿದ್ದೆವು. ಊರಿಗೆ ಬೇರೆ ದಾರಿ ಇಲ್ಲ. ಹತ್ತಬೇಕು, ನೆತ್ತಿ ದಾಟಬೇಕು, ಆಚೆ ಇಳಿಯಬೇಕು.

ಮೂರನೇ ತಿರುವಿನಲ್ಲಿ ಅವನು ಕನ್ನಡಿಯಲ್ಲಿ ಕಂಡ.

ಅತ್ತಿಗೆ ತಿರುಗಿ ನೋಡಿದರು. “ಅದು ನಾವು ತಗೋಬೇಕಿದ್ದ ಗಾಡಿ ಅಲ್ವಾ?”

“ಹೌದು.”

“ಚೆನ್ನಾಗೇ ಓಡ್ತಿದೆಯಲ್ಲ.”

“ಹೊಗೆ ನೋಡಿ.”

ಹಿಂದೆ ಕಪ್ಪು ಮೋಡ ಎದ್ದಿತ್ತು. ಕಪ್ಪು ಹೊಗೆ ಬಂದರೆ ಇಂಜೆಕ್ಟರೋ ಟರ್ಬೋನೋ ಹೋಗಿದೆ. ನೀಲಿಯಾದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಬಿಸಿಯಾದ ಮೇಲೂ ಬೆಳ್ಳಗೆ ಬರುತ್ತಿದ್ದರೆ ಒಳಗೆ ನೀರು ಸೇರಿದೆ. ಟೆಸ್ಟ್ ಡ್ರೈವಿನಲ್ಲಿ ಇದೆಲ್ಲ ನಿಮಗೆ ಕಾಣುವುದಿಲ್ಲ, ನೀವು ಒಳಗೆ ಕೂತಿರುತ್ತೀರಿ. ಬೇರೆಯವರ ಕೈಲಿ ಓಡಿಸಿ, ನೀವು ಹೊರಗಿದ್ದು ನೋಡಬೇಕು. ನನಗೆ ಅವತ್ತು ಆ ಸೌಕರ್ಯ ಸಿಕ್ಕಿತ್ತು.

ಧಡ್!

ಹಿಂದಿನ ಬಂಪರಿಗೆ ಗುದ್ದಿದ. ನನ್ನ ಡಬ್ಬಿ ಅಡ್ಡಾದಿಡ್ಡಿ ಹೋಗಿ ನೆಟ್ಟಗಾಯಿತು. ಅತ್ತಿಗೆಯ ರಿಜಿಸ್ಟರ್ ಕೆಳಗೆ ಬಿತ್ತು. ಅವರು ಬಗ್ಗಿ ಎತ್ತಿಕೊಂಡು, ಧೂಳು ಒರೆಸಿ, ಮಡಿಲಲ್ಲಿ ಇಟ್ಟುಕೊಂಡರು.

“ಏನ್ ಬೇಕಂತೆ ಅವನಿಗೆ?”

“ನನ್ನ ಫೋನು. ನನ್ನ ಸೈನು.”

“ಎರಡೂ ಕೊಡ್ಬೇಡ.”

ತಿರುವು. ಮತ್ತೊಂದು ತಿರುವು. ದೊಡ್ಡ ಗಾಡಿಗೆ ಕಿರಿದಾದ ತಿರುವು ಕಷ್ಟ, ಹಿಂದೆ ಬಿದ್ದ. ಗೇರು ಹುಡುಕುತ್ತ ಇಂಜಿನ್ ಗೋಳಾಡುವುದು ನಮಗೂ ಕೇಳಿಸುತ್ತಿತ್ತು. ನೆತ್ತಿಗೆ ಇನ್ನು ಅರ್ಧ ಕಿಲೋಮೀಟರ್.

“ಆಚೆ ಇಳಿಜಾರಲ್ಲಿ ಜೋರಾಗಿ ಬಿಡು,” ಎಂದರು ಅತ್ತಿಗೆ. “ಅಲ್ಲಿ ಅವನು ಹಿಡಿಯೋಕಾಗಲ್ಲ.”

“ಅಲ್ಲಿ ಅವನು ಉಳಿಯಲ್ಲ.”

“ಅಂದ್ರೆ?”

“ಬ್ರೇಕ್ ಪೈಪ್ ಹೋಗಿದೆ. ಹತ್ತುವಾಗ ಬ್ರೇಕ್ ಬೇಕಾಗಲ್ಲ. ಇಳಿಯುವಾಗ ಎರಡನೇ ತಿರುವಲ್ಲಿ ಒಡೆಯುತ್ತೆ.”

ಅತ್ತಿಗೆ ಮತ್ತೊಮ್ಮೆ ಹಿಂದಕ್ಕೆ ನೋಡಿದರು. ಆಮೇಲೆ, “ನಾವೇನು ಅಟ್ಟಿಸಿಕೊಂಡು ಬಾ ಅಂತ ಕರೆದ್ವಾ?” ಎಂದರು.

ಅದು ಸರಿ. ಬೇರೆ ಯಾರಾದರೂ ಆಗಿದ್ದರೆ ಬಿಡುತ್ತಿದ್ದರು. ನಾನೂ ಬಿಡುತ್ತಿದ್ದೆನೇನೋ. ಆದರೆ ಆ ಎರಡನೇ ತಿರುವು ನನಗೆ ಗೊತ್ತು. ಅತ್ತಿಗೆಗೂ ಗೊತ್ತು. ನಾಲ್ಕು ವರ್ಷದ ಹಿಂದೆ ಅಣ್ಣ ಹೊಸದಾಗಿ ಕೊಂಡಿದ್ದ ಹಳೇ ಗಾಡಿ ಹೋಗಿ ಬಿದ್ದದ್ದು ಅಲ್ಲೇ. ರಿಪೋರ್ಟಿಗೆ ಸೈನ್ ಹಾಕಿದ್ದವನು ನಾನು.

“ಅತ್ತಿಗೆ.”

“ಹೇಳು.”

“ಅಣ್ಣನ ಗಾಡಿ ಕೆಳಗೆ ನಾನು ಹೋಗಿರ್ಲಿಲ್ಲ. ಮೇಲಿಂದಲೇ ನೋಡಿ ಸೈನ್ ಹಾಕಿದೆ. ಯಾವುದೋ ಮದುವೆಗೆ ಹೊರಟಿದ್ದೆ... ಕೆಳಗೆ ಹೋಗಿದ್ರೆ ಪೈಪ್ ಕಾಣ್ತಿತ್ತು.”

ಯಾರಿಗೂ ಹೇಳಿರಲಿಲ್ಲ. ಪೊಲೀಸರಿಗೂ ಹೇಳಿರಲಿಲ್ಲ. ಹೇಳಿದರೆ ಏನೋ ಆಗುತ್ತದೆ ಅಂದುಕೊಂಡಿದ್ದೆ, ಎದೆ ಬಿರಿಯುತ್ತದೆ, ಅಳು ಬರುತ್ತದೆ ಅಂತ. ಏನೂ ಆಗಲಿಲ್ಲ. ಕೈ ಗೇರು ಬದಲಿಸಿತು.

ಅತ್ತಿಗೆ ನೇರ ರಸ್ತೆಯನ್ನೇ ನೋಡುತ್ತಿದ್ದರು.

“ನಿಲ್ಲಿಸು,” ಎಂದರು.

ನೆತ್ತಿಗೆ ಐವತ್ತು ಹೆಜ್ಜೆ ಈಚೆಗೆ ಕಾರನ್ನು ರಸ್ತೆಗೆ ಅಡ್ಡವಾಗಿ ನಿಲ್ಲಿಸಿದೆ. ಏರು ಇನ್ನೂ ಮುಗಿದಿರಲಿಲ್ಲ. ಇಬ್ಬರೂ ಇಳಿದೆವು. ಅತ್ತಿಗೆ ಬದಿಗೆ ಸರಿದರು. ನಾನು ರಸ್ತೆ ನಡುವೆ ನಿಂತು ಕೈಯೆತ್ತಿದೆ.

ಗೋಡೆ ತಿರುವು ದಾಟಿ ಬಂದ. ನನ್ನನ್ನು ನೋಡಿದ. ಬ್ರೇಕ್ ಒತ್ತಿದ... ಅವನ ಮುಖ ಬದಲಾದದ್ದು ಗಾಜಿನೊಳಗಿಂದಲೇ ಕಂಡಿತು. ಪೆಡಲ್ ನೆಲ ಮುಟ್ಟಿದಾಗ ಎಲ್ಲರ ಮುಖವೂ ಹಾಗೇ ಆಗುತ್ತದಂತೆ.

ನಾನು ಪಕ್ಕಕ್ಕೆ ಹಾರಿದೆ. ಏರು ಅವನ ವೇಗವನ್ನು ತಿಂದುಹಾಕಿತು. ಗಾಡಿ ನನ್ನ ಡಬ್ಬಿಯ ಬಾಗಿಲಿಗೆ ಒರಗಿ ನಿಂತಿತು. ಒಂದು ಕ್ಷಣ. ಆಮೇಲೆ ಹಿಂದಕ್ಕೆ ಜಾರತೊಡಗಿತು.

ಹಿಂದೆ ತಿರುವು. ತಿರುವಿನ ಆಚೆ ಏನೂ ಇಲ್ಲ.

“ಪಾರ್ಕಿಂಗ್ ಬ್ರೇಕ್ ಬಟನ್! ಎಡಗಡೆ, ಎಡಗಡೆ ಇದೆ, ಎಳಿ!” ನಾನು ಗಾಡಿಯ ಜೊತೆಗೇ ಓಡುತ್ತಿದ್ದೆ. ಅವನ ಕೈ ಎಲ್ಲೆಲ್ಲೋ ತಡಕುತ್ತಿತ್ತು. ವೈಪರ್ ಆನ್ ಆಯಿತು.

ಅಷ್ಟರಲ್ಲಿ ಅತ್ತಿಗೆ ರಸ್ತೆ ಬದಿಯ ಒಂದು ದೊಡ್ಡ ಕಲ್ಲನ್ನು ತಬ್ಬಿಕೊಂಡು ತಂದು ಹಿಂದಿನ ಟೈರಿಗೆ ನೂಕಿದರು. ಗಾಡಿ ಅದರ ಮೇಲೆ ಅರ್ಧ ಹತ್ತಿ ತಡವರಿಸಿತು. ಗೋಡೆಗೆ ಬಟನ್ ಸಿಕ್ಕಿತು. ಕರಕರ ಸದ್ದು ಮಾಡಿ ಗಾಡಿ ನಿಂತಿತು.

ಗೋಡೆ ಇಳಿದ. ರಸ್ತೆಯ ಮೇಲೆಯೇ ಕೂತುಬಿಟ್ಟ.

“ಪೆಡಲ್ ಕೆಳಗೆ ಹೋಯ್ತು ಸಾರ್.”

“ಗೊತ್ತು.”

“ಗೊತ್ತಿದ್ದೇ ನಿಲ್ಲಿಸಿದ್ರಾ?”

“ಹೂಂ.”

“ಭಾನುವಾರ ನನ್ನ ಮಗಳನ್ನ ಇದ್ರಲ್ಲೇ ಸುತ್ತಾಡಿಸಿದ್ದೆ,” ಎಂದ. “ಯಜಮಾನ್ರೇ ತಗೊಂಡು ಹೋಗು ಅಂದ್ರು. ಅವರಿಗೆ ಎಲ್ಲಾ ಗೊತ್ತಿತ್ತು.”

ಅವನ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಹಾಕಿದ.

“ಸಿಕ್ಕಿದ್ನಾ? ಸೈನ್ ಆಯ್ತಾ?” ಸೆಂಟಿನ ಧ್ವನಿ.

ಗೋಡೆ ನನ್ನನ್ನು ನೋಡಿದ. ನಾನು ಕಾರಿನಿಂದ ರಿಪೋರ್ಟ್ ತೆಗೆದು, ರಸ್ತೆಗೆ ಯೋಗ್ಯವಲ್ಲ ಅಂತ ದೊಡ್ಡದಾಗಿ ಬರೆದು ಸೈನ್ ಹಾಕಿದೆ.

“ಆಯ್ತು ಸಾರ್,” ಎಂದ ಗೋಡೆ.

“ಗಾಡಿ ತಗೊಂಡು ಬೇಗ ಬಾ.”

“ನೀವೇ ಬಂದು ತಗೊಂಡು ಹೋಗಿ. ಬ್ರೇಕಿಲ್ಲ. ನಾನೂ ಇಲ್ಲ.”

ರಿಪೋರ್ಟನ್ನು ಆ ಗಾಡಿಯ ವೈಪರಿಗೆ ಸಿಕ್ಕಿಸಿದೆವು. ಹತ್ತೂ ಗಾಡಿಗಳ ಫೋಟೋಗಳನ್ನು ಅಲ್ಲಿಂದಲೇ ಪೊಲೀಸರಿಗೆ ಕಳಿಸಿದೆ. ಗೋಡೆ ನಮ್ಮ ಹಿಂದಿನ ಸೀಟಿನಲ್ಲಿ ಕೂತ. ಕೂತ ಅನ್ನುವುದಕ್ಕಿಂತ ತುಂಬಿಕೊಂಡ.

ನೆತ್ತಿ ದಾಟುವ ಮುಂಚೆ ಅತ್ತಿಗೆ ಬಾಯಿಬಿಟ್ಟರು.

“ನನಗೆ ಗೊತ್ತಿತ್ತು.”

“ಏನು?”

“ನೀನು ಕೆಳಗೆ ಹೋಗಿರ್ಲಿಲ್ಲ ಅಂತ. ಅವತ್ತಿನ ನಿನ್ನ ಬಿಳಿ ಷರ್ಟು ಒಗೆದದ್ದು ನಾನು. ಒಂದು ಕಲೆ ಇರ್ಲಿಲ್ಲ.”

ನಾಲ್ಕು ವರ್ಷ. ಅದಾದ ಮೇಲೂ ಅವರು ಒಂದು ಸೈಕಲ್ ಕೊಳ್ಳಬೇಕಾದರೂ ನನ್ನನ್ನೇ ಕರೆಯುತ್ತಿದ್ದರು.

“ಮತ್ತೆ ಯಾಕೆ ನನ್ನನ್ನೇ ಕರೀತೀರಿ?”

“ಇನ್ನು ಯಾವತ್ತೂ ನೀನು ನೋಡದೆ ಬಿಡಲ್ಲ ಅಂತ. ಕ್ಷಮಿಸಿದ್ದೀನಿ ಅಂತ ಅಲ್ಲ.”

ನೋಯಿತು. ಸ್ವಲ್ಪ, ಎಲ್ಲೋ ದೂರದಲ್ಲಿ. ಮರಗಟ್ಟಿದ ತುಟಿಗೆ ಜೀವ ಬರುವಾಗ ಆಗುವಂತೆ. ಹಿತವಾಗಿರಲಿಲ್ಲ.

ಇಳಿಜಾರು ಶುರುವಾಗುವ ಜಾಗ ಬಂತು. ಹಿಂದಿನಿಂದ ಗೋಡೆ ಮೆಲ್ಲಗೆ ಕೇಳಿದ. “ಸಾರ್... ಈ ಕಾರಿನ ಬ್ರೇಕ್ ನೋಡಿದ್ದೀರಾ?”

ಯೋಚಿಸಿದೆ.

“ಇಲ್ಲ. ನಂದಲ್ವಾ... ಯಾವತ್ತೂ ನೋಡಿಲ್ಲ.”

ಅತ್ತಿಗೆ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದರು, ಕೀ ತಿರುಗಿಸಿ ತೆಗೆದುಕೊಂಡರು.

“ಇಳಿ. ಕೆಳಗೆ ಹೋಗಿ ನೋಡು.”

ಇಳಿದೆ. ರಸ್ತೆಯ ಮೇಲೆ ಅಂಗಾತ ಮಲಗಿ ನನ್ನದೇ ಕಾರಿನ ಕೆಳಗೆ ತೆವಳಿದೆ. ಷರ್ಟು ಆಗಲೇ ಕೊಳೆಯಾಗಿತ್ತು... ಹೇಳಲು ನೆಪವೂ ಉಳಿದಿರಲಿಲ್ಲ.