ಗೆಮ್ಸೆ ಹೋಟೆಲಿನ ಏಳು ಸುಳ್ಳು ಕಾಗದಗಳು

"ಕತ್ತಿ ಕೆಳಗಿಡು ಕಿಲಿಯನ್! ನೊರೆಯೊಳಗಿರೋದು ಸೆರಾಫಿನ್ ತಾನೆ? ಎಬ್ಬಿಸು ಅವನನ್ನ!"

ನನ್ನ ಕ್ಷೌರದಂಗಡಿಯ ಬಾಗಿಲನ್ನು ಭುಜದಿಂದಲೇ ದೂಡಿಕೊಂಡು ಒಳಬಂದವಳು ಗೆಮ್ಸೆ ಹೋಟೆಲಿನ ಒಡತಿ ಆಫ್ರಾ. ಹಿಂದೆ ಹಿಮ ಮೆತ್ತಿದ ಟೋಪಿಯನ್ನು ಕೈಯಲ್ಲಿ ಹಿಡಿದ ಮುದುಕರೊಬ್ಬರು ನಿಂತಿದ್ದರು. ಕಾಸೆಲ್ ಊರಿನ ಮ್ಯೋಲ್ಮಾನ್. ಇಪ್ಪತ್ತೈದು ಚಳಿಗಾಲಗಳಿಂದ ಗೆಮ್ಸೆಯಲ್ಲೇ ತಂಗುವವರು. ಆದರೆ ಅವರು ಬರುವುದು ಕ್ರಿಸ್‌ಮಸ್ಸಿಗೆ. ಇನ್ನೂ ನವೆಂಬರ್ ಮುಗಿದಿರಲಿಲ್ಲ.

ಸೆರಾಫಿನ್ ಚುಗ್ ಕುರ್ಚಿಯಲ್ಲೇ ಒಂದು ಕಣ್ಣು ತೆರೆದ. ಅರ್ಧ ಮುಖ ಬಿಳಿ ನೊರೆ, ಉಳಿದರ್ಧ ಕರಿ ಮಸಿ. ನಮ್ಮ ಓಬರ್‌ಮೋಸಿನ ಹೊಗೆಗೂಡುಗಳನ್ನು ಗುಡಿಸುವುದು ಅವನ ಕಸುಬು. ಊರಿನ ಪ್ರತಿ ಒಲೆಯ ಹೊಟ್ಟೆಯನ್ನೂ ಬಲ್ಲವನಾದ್ದರಿಂದ, ಏನೇ ಕಳವಾದರೂ ಜನ ಪೊಲೀಸರಿಗಿಂತ ಮೊದಲು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ತಲೆ ಬೋಳಿಸುವವನು, ಅವನು ತಲೆ ಓಡಿಸುವವನು. ಹದಿನೆಂಟು ವರ್ಷಗಳಿಂದ ನಮ್ಮ ಪಾಲುದಾರಿಕೆ ಹೀಗೇ ನಡೆದಿತ್ತು.

"ಓದು ಇದನ್ನ," ಎಂದು ಆಫ್ರಕ್ಕ ಒಂದು ಕಾಗದವನ್ನು ಅವನ ಎದೆಯ ಮೇಲೆಸೆದಳು.

ಮೇಲ್ತುದಿಯಲ್ಲಿ ಗೆಮ್ಸೆಯ ಹೆಸರು ಅಚ್ಚಾಗಿದ್ದ ಹಾಳೆ, ಟೈಪು ಮಾಡಿದ ಅಕ್ಷರ. ನಾನು ಗಟ್ಟಿಯಾಗಿ ಓದಿದೆ: "ಮಾನ್ಯ ಶ್ರೀ ಮತ್ತು ಶ್ರೀಮತಿ ಮ್ಯೋಲ್ಮಾನ್ ಅವರಿಗೆ. ಅನಾರೋಗ್ಯದ ನಿಮಿತ್ತ ಈ ಚಳಿಗಾಲ ನಮ್ಮ ಹೋಟೆಲು ಮುಚ್ಚಿರುತ್ತದೆ. ನೀವು ಕಾದಿರಿಸಿದ ಕೋಣೆ ರದ್ದಾಗಿದೆ. ದಯಮಾಡಿ ಬೇರೆಡೆ ಏರ್ಪಾಡು ಮಾಡಿಕೊಳ್ಳಿ."

"ಅನಾರೋಗ್ಯವಂತೆ! ನನಗೆ!" ಆಫ್ರಕ್ಕ ಗುಡುಗಿದಳು. "ಈಗಷ್ಟೇ ಒಂದು ಗಾಡಿ ಸೌದೆ ಒಡೆದು ಬಂದಿದೀನಿ. ಇದನ್ನ ಬರೆದೋನು ಸಿಕ್ಕಿದ್ರೆ ಅವನಿಗೆ ಅನಾರೋಗ್ಯ ಅಂದ್ರೇನು ಅಂತ ತೋರಿಸ್ತೀನಿ."

ಮ್ಯೋಲ್ಮಾನ್ ಗಂಟಲು ಸರಿಪಡಿಸಿಕೊಂಡರು. "ಜನವರೀಲಿ ಹೊರಡೋ ದಿನಾನೇ ಈ ವರ್ಷದ್ದು ಬರೆಸಿ ಹೋಗಿದ್ದೆ. ನಾಲ್ಕನೇ ಕೋಣೆ, ಕಿಟಕಿ ಪಕ್ಕದ ಮೇಜು, ಎರಡು ವಾರ. ವರ್ಷವಿಡೀ ಅದನ್ನೇ ಯೋಚಿಸ್ತಾ ಕಾಲ ತಳ್ಳೋನು ನಾನು. ಒಂದು ಕಾಗದ ಬಂತು ಅಂತ ಬಿಟ್ಟುಬಿಡ್ಲಾ? ರೈಲು ಹತ್ತಿಬಿಟ್ಟೆ. ಮುಚ್ಚಿದ್ರೆ ಮೆಟ್ಟಿಲ ಮೇಲೆ ಮಲಗ್ತೀನಿ ಅಂತಾನೇ ಬಂದೆ."

"ಲಕೋಟೆ ಇದೆಯಾ?" ಎಂದ ಸೆರಾಫಿನ್.

ಲಕೋಟೆಯ ಮೇಲೆ ನಮ್ಮೂರಿನದೇ ಮುದ್ರೆ. ಹಿಂದಿನ ವಾರದ ಸೋಮವಾರ ಅಂಚೆಗೆ ಹಾಕಿದ್ದು.

ಆಫ್ರಕ್ಕನಿಗೆ ಏಕೆ ಅಷ್ಟು ಉರಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೆಮ್ಸೆ ನಿಂತಿರುವ ನೆಲ ಊರಿನದು. ಅವಳ ತಾತನಿಗೆ ಅದನ್ನು ಕೊಡುವಾಗ ಹಾಕಿದ ಷರತ್ತು ಒಂದೇ: ಯಾವ ಚಳಿಗಾಲ ಆ ಮನೆಯಲ್ಲಿ ಅತಿಥಿಗಳು ಇಳಿಯುವುದಿಲ್ಲವೋ ಆ ವರ್ಷ ನೆಲ ಊರಿಗೆ ವಾಪಸು. ಈಗ ಪ್ರವಾಸಿ ಸಂಘದ ಅಧ್ಯಕ್ಷ ಹೂಬರ್ಟ್ ತ್ಸಾಂಗರ್ಲ್, "ಗೆಮ್ಸೆ ಮುಚ್ಚುತ್ತಿರುವುದರಿಂದ" ಅಲ್ಲಿ ಕೇಬಲ್ ಕಾರಿನ ನಿಲ್ದಾಣ ಕಟ್ಟಬೇಕೆಂಬ ವಿಷಯವನ್ನು ಗುರುವಾರದ ಊರಸಭೆಗೆ ಸೇರಿಸಿದ್ದ. ಕೇಳಿದವರಿಗೆಲ್ಲ, ಅತಿಥಿಗಳೇ ತನಗೆ ಫೋನು ಮಾಡಿ ತಿಳಿಸಿದರು ಎನ್ನುತ್ತಿದ್ದ.

"ಇವತ್ತು ಸೋಮವಾರ. ಮೂರು ದಿನ ಇದೆ," ಎಂದ ಸೆರಾಫಿನ್. "ಉಳಿದ ಅತಿಥಿಗಳಿಗೂ ಹೀಗೇ ಹೋಗಿದೆಯಾ ಅಂತ ಪುಸ್ತಕ ನೋಡಿ ವಿಚಾರಿಸು, ಆಫ್ರಕ್ಕ."

"ಅದೇ ಇನ್ನೊಂದು ಕತೆ. ಕಳೆದ ಮಂಗಳವಾರದಿಂದ ಪುಸ್ತಕಾನೇ ಇಲ್ಲ."

ಕೋಣೆ ಕಾದಿರಿಸುವ ಆ ದಪ್ಪ ಪುಸ್ತಕವನ್ನು ನಾನೂ ನೋಡಿದ್ದೆ. ಅವಳಪ್ಪ ಹಿತ್ತಾಳೆಯ ಮೂಲೆಕಟ್ಟು ಹಾಕಿಸಿದ್ದ ಚರ್ಮದ ಹೊದಿಕೆ. ಯಾರು ಯಾವ ಕೋಣೆ, ಯಾವ ಮೇಜು, ಯಾರಿಗೆ ಗಟ್ಟಿ ದಿಂಬು, ಅವರ ವಿಳಾಸ, ಎಲ್ಲ ಪೆನ್ಸಿಲ್ಲಿನಲ್ಲಿ.

"ಮಂಗಳವಾರ ಯಾರ್ಯಾರು ಬಂದಿದ್ರು?"

"ದ್ರಾಗಿತ್ಸಾ ಮನೇಲೇ ಇರ್ತಾಳೆ. ನನ್ನ ಅಣ್ಣನ ಮಗ ಗೆಬ್‌ಹಾರ್ಟ್ ಊಟಕ್ಕೆ ಬಂದ. ಆ ತ್ಸಾಂಗರ್ಲ್ ದೊಡ್ಡ ಚೀಲ ಹೊತ್ಕೊಂಡು ಈ ಸಲದ ಪದಕ ಸಮಾರಂಭದ ಕರೆಯೋಲೆ ಕೊಡೋಕೆ ಬಂದಿದ್ದ. ಇನ್ನಾರೂ ಇಲ್ಲ."

ಸೆರಾಫಿನ್ ಮುಖದ ನೊರೆ ಒರೆಸಿಕೊಂಡು ಎದ್ದ. ಒಂದು ಕೆನ್ನೆ ಬೋಳಿಸದೆ ಹಾಗೇ ಉಳಿಯಿತು.

ಗೆಮ್ಸೆಯ ಅಡುಗೆಮನೆಯಲ್ಲಿ ದ್ರಾಗಿತ್ಸಾ ರೊಟ್ಟಿಯುಂಡೆಗಳನ್ನು ಸಾರಿಗೆ ಬಿಡುತ್ತಿದ್ದಳು. ಯುಗೊಸ್ಲಾವಿಯಾದಿಂದ ಬಂದು ಹದಿನಾಲ್ಕು ವರ್ಷವಾಗಿತ್ತು; ಅಡುಗೆ, ಹಾಸಿಗೆ, ಬಟ್ಟೆ ಎಲ್ಲ ಅವಳದೇ.

"ಮಂಗಳವಾರ ಏನಾದ್ರೂ ಕಂಡ್ಯಾ?" ಎಂದ ಸೆರಾಫಿನ್.

"ಕಂಡೆ. ಒಲೆ, ಪಾತ್ರೆ, ಒಲೆ," ಎಂದಳು ತಿರುಗಿ ನೋಡದೆ. "ನೇರವಾಗಿ ಕೇಳಿಬಿಡಿ ಸೆರಾಫಿನಣ್ಣ. ಹೋಟೆಲಿನ ಹಾಳೇಲಿ ಕಾಗದ ಬರೀತೀಯಾ ಅಂತ. ಹೌದು, ಬರೀತೀನಿ. ನಮ್ಮಮ್ಮನಿಗೆ, ಪ್ರತಿ ಭಾನುವಾರ. ಮೇಲೆ ಬೆಟ್ಟದ ಚಿತ್ರ ಇದೆ, ಅದು ಅವಳಿಗಿಷ್ಟ."

"ಹಾಳೆ ಎಲ್ಲಿಂದ ತಗೋತೀಯಾ?"

"ಊಟದ ಕೋಣೇಲಿ ಬರೆಯೋ ಮೇಜಿದೆಯಲ್ಲ, ಅಲ್ಲಿಂದ. ಯಾರು ಬೇಕಾದ್ರೂ ತಗೋಬಹುದು. ನೀವೂ ಒಂದು ತಗೊಳ್ಳಿ, ಮುಖ ಒರೆಸ್ಕೊಳ್ಳೋಕೆ."

ಸ್ಕೀ ಕಲಿಸುವ ಗೆಬ್‌ಹಾರ್ಟ್ ಊಟದ ಮೇಜಿನಲ್ಲಿ ಕಾಲು ಚಾಚಿಕೊಂಡಿದ್ದ. "ಅತ್ತೆ ಮನೆ ಬಿಟ್ಟುಕೊಟ್ಟು ಆರಾಮಾಗಿರ್ಲಿ ಅಂತ ನಾನು ಹೇಳಿದ್ದು ನಿಜ. ಮುಖಕ್ಕೇ ಹೇಳಿದೀನಿ. ಅದಕ್ಕೆ ಅವಳು ಸೌಟು ಬೀಸಿದಳು. ಇಲ್ನೋಡಿ, ಗುರುತು."

"ಮ್ಯೋಲ್ಮಾನ್ ದಂಪತಿ ಗೊತ್ತಾ ನಿಂಗೆ?"

"ಅಯ್ಯೋ, ಇರ್ಮ್‌ಗಾರ್ಟಮ್ಮನಿಗೆ ಸ್ಕೀ ಕಲಿಸಿದ್ದೇ ನಾನು. ಅವರು ತೀರಿಹೋದಾಗ ಕಾಸೆಲ್‌ಗೆ ಅತ್ತೆ ಜೊತೆ ನಾನೂ ಹೋಗಿದ್ದೆ. ನಾಲ್ಕು ವರ್ಷ ಆಯ್ತಲ್ಲ?"

ಅಷ್ಟರಲ್ಲಿ ಬಾಗಿಲಲ್ಲಿ ಅಧ್ಯಕ್ಷ ತ್ಸಾಂಗರ್ಲನೇ ಪ್ರತ್ಯಕ್ಷನಾದ. ಹೆಂಡತಿಯ ಹತ್ತಿರ ಉಪ್ಪು ಕೇಳುವಾಗಲೂ ವೇದಿಕೆಯ ಭಾಷೆ ಬಿಡದ ಮನುಷ್ಯ.

"ಮಾನ್ಯ ಆಫ್ರಾ ಅವರೇ, ತಮ್ಮ ಸಂಕಷ್ಟದಲ್ಲಿ ಸಂಘವು ಸಹಭಾಗಿಯಾಗಿದೆ. ವೈಯಕ್ತಿಕವಾಗಿ ಯಾರ ಮೇಲೂ ಬೊಟ್ಟು ಮಾಡಲಾರೆ. ಆದಾಗ್ಯೂ ಹೊರನಾಡಿನವರನ್ನು ಮನೆಯೊಳಗೆ ಇಟ್ಟುಕೊಂಡಾಗ..." ಎಂದು ಅಡುಗೆಮನೆಯತ್ತ ಕಣ್ಣು ಹಾಯಿಸಿದ. "ಸಭೆಗೆ ಮುನ್ನ ತಾವೇ ಗೌರವಯುತವಾಗಿ ಬಿಟ್ಟುಕೊಡುವುದು ಲೇಸು."

"ಗೌರವಯುತವಾಗಿ ಹೊರಗೆ ನಡಿ," ಎಂದಳು ಆಫ್ರಕ್ಕ. "ನೂರು ವರ್ಷದಿಂದ ಈ ಒಲೆ ಆರಿಲ್ಲ. ನನ್ನ ಕಾಲದಲ್ಲಿ ಆರೋದೂ ಇಲ್ಲ."

ಅವನು ಹೋದಮೇಲೆ ಸೆರಾಫಿನ್ ತಲೆ ಕೆರೆದುಕೊಂಡ. "ವಿಳಾಸ ಇಲ್ಲದೆ ಅತಿಥಿಗಳನ್ನ ಹೇಗೆ ವಿಚಾರಿಸೋದು?"

"ವಿಳಾಸ ಇಲ್ಲ ಅಂದೋರ್ಯಾರು? ಪುಸ್ತಕ ಬರೆದೋಳು ನಾನು. ತಲೇಲಿ ಇರೋದನ್ನ ಕದಿಯೋಕೆ ತಲೆಯೇ ಕದೀಬೇಕು." ಆಫ್ರಕ್ಕ ಕೋಟು ಹಾಕಿಕೊಂಡು ಅಂಚೆ ಕಚೇರಿಗೆ ನಡೆದಳು.

ಆ ಮಧ್ಯಾಹ್ನವಿಡೀ ಫೋನಿನ ಪೆಟ್ಟಿಗೆಯೊಳಗೆ ನಿಂತು ಒಂದಾದ ಮೇಲೊಂದು ನಂಬರನ್ನು ಬಾಯಿಪಾಠ ಒಪ್ಪಿಸಿದಳು. "ಮುಚ್ಚಿಲ್ಲ ಕಣಯ್ಯಾ! ಬದುಕಿದೀನಿ! ಬನ್ನಿ!" ಎಂದು ಅವಳು ಕೂಗುತ್ತಿದ್ದುದು ಫೋನಿಲ್ಲದೆಯೂ ಮ್ಯೂನಿಕ್ಕಿಗೆ ಕೇಳಿಸುವಂತಿತ್ತು. ಮ್ಯೋಲ್ಮಾನರನ್ನೂ ಸೇರಿಸಿ ಹನ್ನೊಂದು ಕುಟುಂಬಗಳು ಕೋಣೆ ಕಾದಿರಿಸಿದ್ದವು. ಏಳು ಮನೆಗೆ ಸುಳ್ಳು ಕಾಗದ ಹೋಗಿತ್ತು. ನಾಲ್ಕು ಮನೆಯವರಿಗೆ ವಿಷಯವೇ ಗೊತ್ತಿರಲಿಲ್ಲ. ಕಾಗದ ಕಂಡವರಲ್ಲಿ ಹಲವರು ಫೋನನ್ನು ನಂಬಲೂ ಇಲ್ಲ. "ಫೋನಲ್ಲಿ ಯಾರು ಬೇಕಾದ್ರೂ ಆಫ್ರಾ ಆಗಬಹುದು" ಎಂದು ಒಬ್ಬಾಕೆ ಫೋನು ಇಟ್ಟೇಬಿಟ್ಟಳಂತೆ. ಅವಳ ಅನುಮಾನ ತಪ್ಪಲ್ಲ. ಆಫ್ರಕ್ಕನ ದನಿಯನ್ನು ನಾನೇ ಸೊಗಸಾಗಿ ಅನುಕರಿಸುತ್ತೇನೆ.

"ಆ ನಾಲ್ಕು ಮನೆಯೋರು ಯಾರು?" ಎಂದ ಸೆರಾಫಿನ್.

"ಹೊಸಬರು. ಮೂರು ವರ್ಷ, ನಾಲ್ಕು ವರ್ಷದಿಂದ ಬರೋರು."

ಸೆರಾಫಿನ್ ನನ್ನತ್ತ ತಿರುಗಿದ. "ಕಿಲಿಯನ್, ಹೊಸ ವರ್ಷದ ದಿನ ತ್ಸಾಂಗರ್ಲ್ ಪದಕ ಕೊಟ್ಟದ್ದನ್ನ ಒಂದ್ಸಲ ಮಾಡಿ ತೋರಿಸು."

ಅಂಥ ಮಾತನ್ನು ನನಗೆ ಎರಡನೇ ಸಲ ಹೇಳಬೇಕಿಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಹೋಟೆಲಿಗೆ ಬಂದ ಅತಿಥಿಗಳಿಗೆ ಸಂಘದವರು ವರ್ಷಕ್ಕೊಮ್ಮೆ ಪದಕ ಚುಚ್ಚುವುದು ನಮ್ಮೂರಿನ ಪದ್ಧತಿ. ಹೊಟ್ಟೆ ಮುಂದೆ ಮಾಡಿದೆ, ಕನ್ನಡಕ ಮೂಗಿನ ತುದಿಗಿಳಿಸಿದೆ, ಅಂಚೆಯ ಅರ್ಜಿಯೊಂದರಲ್ಲಿ ಮುಖ ಹುದುಗಿಸಿದೆ. "ಇಪ್ಪತ್ತೈದು ವರ್ಷಗಳ ಅಚಲ ನಿಷ್ಠೆಗಾಗಿ, ಶ್ರೀ ಮತ್ತು ಶ್ರೀಮತಿ ಮ್ಯೋಲ್ಮಾನ್ ದಂಪತಿಗಳಿಗೆ!" ಎಂದು ತಲೆಯೆತ್ತದೆಯೇ ಎರಡು ಪದಕ ಚಾಚಿದೆ. ಅಂದು ಮ್ಯೋಲ್ಮಾನ್ ಒಬ್ಬರೇ ಬಂದು ಎರಡನ್ನೂ ಇಸಿದುಕೊಂಡಿದ್ದರು. ತ್ಸಾಂಗರ್ಲ್ ಅಷ್ಟರಲ್ಲಿ ಮುಂದಿನ ಹೆಸರು ಓದುತ್ತಿದ್ದ.

"ಇರ್ಮ್‌ಗಾರ್ಟ್ ಹೆಸರೂ ಓದಿ ಅಂತ ಸಂಘಕ್ಕೆ ಹೇಳಿಕಳಿಸಿದ್ದು ನಾನೇ," ಎಂದಳು ಆಫ್ರಕ್ಕ ಮೆಲ್ಲಗೆ. "ಇಪ್ಪತ್ತೈದರಲ್ಲಿ ಇಪ್ಪತ್ತೊಂದು ವರ್ಷ ಅವಳೂ ಬಂದಿದ್ದಳು."

"ಸಾಕು," ಎಂದ ಸೆರಾಫಿನ್. "ನಾಳೆ ನನಗೆ ಕೆಲಸ ಇದೆ. ಚಳಿ ಬಲಿಯೋಕೆ ಮುಂಚೆ ಇನ್ನೂ ಕೆಲವು ಹೊಗೆಗೂಡು ಬಾಕಿ. ಬುಧವಾರ ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಕರಿ. ಮೇಯರನ್ನೂ."

ಬುಧವಾರ ಗೆಮ್ಸೆಯ ಊಟದ ಕೋಣೆಯಲ್ಲಿ ಆಫ್ರಕ್ಕ, ದ್ರಾಗಿತ್ಸಾ, ಗೆಬ್‌ಹಾರ್ಟ್, ಮ್ಯೋಲ್ಮಾನ್, ಮೇಯರು, ತ್ಸಾಂಗರ್ಲ್ ಎಲ್ಲರೂ ಸೇರಿದರು. ಸೆರಾಫಿನ್ ಕರಿ ಅಂಗಿಯಲ್ಲೇ ಬಂದು ಒಲೆಗೆ ಬೆನ್ನು ಕೊಟ್ಟು ನಿಂತ.

"ಪುಸ್ತಕ ಕದ್ದೋನೇ ಅದರಲ್ಲಿದ್ದ ವಿಳಾಸಕ್ಕೆ ಕಾಗದ ಬರೆದ ಅಂತ ಎಲ್ರೂ ಅಂದ್ಕೊಂಡ್ವಿ. ಅದು ತಪ್ಪು. ಪುಸ್ತಕ ಹೋದದ್ದು ಮಂಗಳವಾರ. ಕಾಗದಗಳು ಅಂಚೆಗೆ ಬಿದ್ದದ್ದು ಹಿಂದಿನ ದಿನ, ಸೋಮವಾರ."

"ಮನೆಯೊಳಗಿನವರು ಪುಸ್ತಕವನ್ನು ಮೊದಲೇ ನೋಡಿರಬಹುದಲ್ಲವೇ?" ಎಂದ ತ್ಸಾಂಗರ್ಲ್.

"ನೋಡಿದ್ರೆ ಹನ್ನೊಂದೂ ಮನೆಗೆ ಬರೀತಿದ್ರು. ಏಳಕ್ಕೇ ಯಾಕೆ? ಆ ಏಳೂ ಮನೆಯೋರು ನಿಮ್ಮ ಕೈಯಿಂದ ಪದಕ ತಗೊಂಡೋರು ಅಧ್ಯಕ್ಷರೇ. ಉಳಿದ ನಾಲ್ಕು ಮನೆಯೋರಿಗೆ ಇನ್ನೂ ಹತ್ತು ವರ್ಷ ತುಂಬಿಲ್ಲ. ಕಾಗದ ಬರೆದೋನ ಮುಂದೆ ಇದ್ದದ್ದು ಹೋಟೆಲಿನ ಪುಸ್ತಕ ಅಲ್ಲ, ವಿಳಾಸ ಸಮೇತ ನಿಮ್ಮ ಸಂಘದಲ್ಲಿರೋ ಪದಕದ ಪಟ್ಟಿ."

ತ್ಸಾಂಗರ್ಲ್ ನಕ್ಕ. "ಕಾಕತಾಳೀಯ."

"ಹಾಗಾದ್ರೆ ಇದಕ್ಕೇನಂತೀರಾ? ಕಾಗದ ಶ್ರೀ ಮತ್ತು ಶ್ರೀಮತಿ ಮ್ಯೋಲ್ಮಾನ್ ಅವರಿಗೆ ಬಂದಿದೆ. ಶ್ರೀಮತಿ ತೀರಿಹೋಗಿ ನಾಲ್ಕು ವರ್ಷ. ಗೆಬ್‌ಹಾರ್ಟ್ ಮಣ್ಣಿಗೆ ಹೋಗಿದ್ದ. ದ್ರಾಗಿತ್ಸಾ, ನಾಲ್ಕನೇ ಕೋಣೇಲಿ ಎಷ್ಟು ದಿಂಬು ಇಡ್ತೀಯಾ?"

"ಒಂದು. ನಾಲ್ಕು ವರ್ಷದಿಂದ ಒಂದೇ," ಎಂದಳು ದ್ರಾಗಿತ್ಸಾ.

"ಈ ಮನೇಲಿ ಅದು ಗೊತ್ತಿಲ್ಲದೋರು ಯಾರೂ ಇಲ್ಲ. ಪುಸ್ತಕದಲ್ಲೂ ಹಾಗೇ ಬರೆದಿತ್ತು. ಇರ್ಮ್‌ಗಾರ್ಟಮ್ಮ ಇನ್ನೂ ಬದುಕಿದ್ದದ್ದು ಒಂದೇ ಕಡೆ. ನಿಮ್ಮ ಪಟ್ಟೀಲಿ. ಅದರ ಬೀರುವಿನ ಬೀಗದ ಕೈ ನಿಮ್ಮ ಗಡಿಯಾರದ ಸರಪಳೀಲಿ ತೂಗ್ತಿದೆ."

ಮ್ಯೋಲ್ಮಾನ್ ಎದ್ದು ನಿಂತರು. "ನಿಮ್ಮೆದುರೇ ನಿಂತು ಅವಳ ಪದಕ ನಾನು ತಗೊಂಡೆ ಸ್ವಾಮಿ. ನೀವು ಒಂದ್ಸಲ ತಲೆ ಎತ್ತಿದ್ರೆ ಕಾಣ್ತಿತ್ತು, ನಾನು ಒಬ್ಬನೇ ಅಂತ. ಅತಿಥಿ ದೇವರು ಅಂತ ಭಾಷಣ ಮಾಡ್ತೀರಿ. ಅತಿಥಿ ಮುಖ ನೋಡಿದೀರಾ?"

"ಪುಸ್ತಕ! ಪುಸ್ತಕ ನಾನು ತೆಗೆದುಕೊಂಡೆನೆಂಬುದಕ್ಕೆ ಪುರಾವೆ?" ತ್ಸಾಂಗರ್ಲನ ವೇದಿಕೆಯ ಭಾಷೆ ಮೊದಲ ಬಾರಿ ಎಡವಿತು.

"ಸುದ್ದಿ ತಿಳಿದ ಮೇಲೂ ಆಫ್ರಕ್ಕ ಯಾರಿಗೂ ತಿಳಿಸಬಾರದು, ಅದಕ್ಕೆ ಪುಸ್ತಕ ಬೇಕಿತ್ತು ನಿಮಗೆ. ಕರೆಯೋಲೆ ತಂದ ದೊಡ್ಡ ಚೀಲದಲ್ಲೇ ಹೋಯ್ತು. ನಿನ್ನೆ ನಿಮ್ಮ ಸಂಘದ ಕಚೇರಿಯ ಹೊಗೆಗೂಡು ಗುಡಿಸಿದೆ. ಒಲೆ ಬೂದಿ ಬಳಿಯೋದೂ ನನ್ನ ಕೆಲಸವೇ." ಸೆರಾಫಿನ್ ಜೇಬಿನಿಂದ ಕಪ್ಪಾದ ಮೂರು ಹಿತ್ತಾಳೆಯ ಮೂಲೆಕಟ್ಟುಗಳನ್ನು ಮೇಯರರ ತಟ್ಟೆಯ ಪಕ್ಕ ಇಟ್ಟ. "ಕಾಗದ ಸುಡುತ್ತೆ, ಚರ್ಮ ಸುಡುತ್ತೆ. ಹಿತ್ತಾಳೆ ಸುಡಲ್ಲ ಅಧ್ಯಕ್ಷರೇ."

ಪದಕ ಹಂಚುವ ಕೈಗೂ ಪಾತಕಕ್ಕೂ ಇಷ್ಟೇ ದೂರ ಎಂದು ನಾನು ಗೆಬ್‌ಹಾರ್ಟನ ಕಿವಿಯಲ್ಲಿ ಹೇಳಿದೆ. ಅವನು ನಗಲಿಲ್ಲ. ಅತ್ತೆಯನ್ನು ನೋಡುತ್ತಿದ್ದ.

ಮೇಯರು ಹಿತ್ತಾಳೆಯ ಚೂರನ್ನು ತಿರುಗಿಸಿ ನೋಡಿದರು. "ನಾಳೆ ಸಭೇಲಿ ಆ ವಿಷಯ ಇರಲ್ಲ, ಆಫ್ರಾ. ಇವರ ವಿಷಯ ಇರುತ್ತೆ. ಪೊಲೀಸರಿಗೆ ಹೇಳಲಾ?"

"ಹೇಳೋದು ಆಮೇಲೆ ಹೇಳಿ. ಮೊದ್ಲು ನನ್ನ ಅತಿಥಿಗಳು," ಎಂದಳು ಆಫ್ರಕ್ಕ. ಅವಳು ತ್ಸಾಂಗರ್ಲನ ತೋಳು ಹಿಡಿದು ಬರೆಯುವ ಮೇಜಿನ ಮುಂದೆ ಕೂರಿಸಿದಳು. "ಫೋನು ನಂಬಲ್ಲ ಅಂದೋರಿದಾರೆ. ಮ್ಯೋಲ್ಮಾನ್ ಬಂದಾಗಿದೆ. ಉಳಿದದ್ದು ಆರು ಕಾಗದ. ನಿಮ್ಮ ಕೈಯಲ್ಲೇ ಬರೀರಿ, ನಿಮ್ಮ ಹೆಸರೂ ಹಾಕಿ. ಯಾರು, ಯಾಕೆ, ಎಲ್ಲಾನೂ. ವಿಳಾಸ ನಾನು ಹೇಳ್ತೀನಿ."

"ನಾನು ಒಪ್ಪದಿದ್ದರೆ?"

"ಕಿಲಿಯನ್ ನಿಮ್ಮ ದನೀಲಿ ಪೇಟೆ ಬೀದೀಲಿ ಹೇಳ್ಕೊಂಡು ಬರ್ತಾನೆ."

"ಸಂತೋಷದಿಂದ, ಮಾನ್ಯರೇ," ಎಂದೆ ನಾನು, ತ್ಸಾಂಗರ್ಲನ ದನಿಯಲ್ಲೇ.

ಅವನು ಬರೆಯತೊಡಗಿದ. ನಾವು ಸಾರು ಮುಗಿಸಿ, ಮಾಂಸ ಮುಗಿಸಿ, ಸೇಬಿನ ಕಡುಬಿಗೆ ಬರುವಷ್ಟರಲ್ಲಿ ನಾಲ್ಕು ಕಾಗದ ಆಗಿತ್ತು. ಅವನು ಬೆರಳಿನ ನೆಟಿಕೆ ಮುರಿದುಕೊಂಡು ಮೆಲ್ಲಗೆ ಒಂದು ಲೋಟ ಕಾಫಿ ಕೇಳಿದ.

ದ್ರಾಗಿತ್ಸಾ ಕೆಟಲು ಹಿಡಿದುಕೊಂಡೇ ನಿಂತಳು. "ಹೋಟೆಲು ಮುಚ್ಚಿದೆಯಂತೆ ಸಾಹೇಬ್ರೇ. ಕಾಗದ ಬಂದಿತ್ತು."

"ಕೊಡೇ ಅವನಿಗೆ," ಎಂದಳು ಆಫ್ರಕ್ಕ, ಐದನೆಯ ಹಾಳೆಯನ್ನು ಅವನ ಮುಂದೆ ತಳ್ಳುತ್ತಾ. "ಇನ್ನೂ ಎರಡು ಬಾಕಿ ಇದೆ. ಕೈ ನಡುಗಿದ್ರೆ ಅಕ್ಷರ ಕೆಡುತ್ತೆ."