ರಾಕ್ಷಸನ ದಾರಿಯಲ್ಲಿ ಕೆಂಪು ಬಸ್ಸು

ಬಿಸಿ ಅಂಟು, ಹೊಸ ಬಣ್ಣ, ಕಾದ ರಬ್ಬರು. ತೊಟ್ಟಿಲಿನ ಕಾಲದಿಂದಲೂ ಗುಬ್ಬಿಗೆ ಚಿಕ್ಕಮ್ಮನ ಮಡಿಲೆಂದರೆ ಇದೇ ವಾಸನೆ. ಇವತ್ತು ಮಾತ್ರ ಸಿನಿಮಾ ಸೆಟ್ಟಿನಲ್ಲಿ ಅವಳು ಆ ಮಡಿಲಿನಿಂದ ದೂರವೇ ನಿಂತಿದ್ದಳು.

“ಕಟ್!” ಕ್ಯಾಮೆರಾ ಮಾಮ ಕೂಗಿದ. “ಏನಪ್ಪಾ ಇದು? ಊರು ನುಂಗೋ ರಾಕ್ಷಸ ಅಂದ್ರೆ ಸರ್ಕಸ್ ಕರಡಿ ಥರ ಕಾಣ್ತೀಯಲ್ಲ! ನಿಧಾನಕ್ಕೆ ನಡಿ. ಭಾರ ಕಾಣ್ಬೇಕು, ಭಾರ!”

ಹಲ್ಲಿಮುಖದ ರಾಕ್ಷಸ ತಲೆ ತಗ್ಗಿಸಿ ಹಿಂದಕ್ಕೆ ಹೋದ. ಆ ರಬ್ಬರ್ ಚರ್ಮದೊಳಗೆ ಇದ್ದವನು ಅಣ್ಣ, ಚಿಕ್ಕಮ್ಮನ ಮಗ. ಅವನ ಸೊಂಟದೆತ್ತರಕ್ಕೆ ಚಿಕ್ಕಮ್ಮ ಕಟ್ಟಿದ ಬೀದಿ ನಿಂತಿತ್ತು. ಉಗುರಿನಷ್ಟು ಕಿಟಕಿಗಳು, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಾರುಗಳು. ಇದಿನ್ನೂ ರಿಹರ್ಸಲ್. ನಿಜವಾದ ಶಾಟ್‌ನಲ್ಲಿ ಅಣ್ಣ ಎಲ್ಲವನ್ನೂ ತುಳಿದುಹಾಕಬೇಕು. ಒಂದೇ ಬೀದಿ, ಒಂದೇ ಚಾನ್ಸು.

“ನಿನ್ನೆ ಬೆಟ್ಟದ ಹಾಗಿದ್ದ,” ಚಿಕ್ಕಮ್ಮ ಗೊಣಗಿದಳು.

“ಇವತ್ತು ನಡಿಗೆ ಸರಿಯಿಲ್ಲ. ಇನ್ನೊಂದ್ಸಲ!” ಅಂದ ಕ್ಯಾಮೆರಾ ಮಾಮ.

ನಡಿಗೆಯದಲ್ಲ ತಪ್ಪು. ಗುಬ್ಬಿಗೆ ಗೊತ್ತಿತ್ತು. ಮೂಲೆಯಂಗಡಿಯ ಹಿಂದಿನಿಂದ ಅವಳ ಆಟದ ಕೆಂಪು ಬಸ್ಸಿನ ಮೂತಿ ಇಣುಕುತ್ತಿತ್ತು. ಇಟ್ಟಿಗೆಯಷ್ಟು ದಪ್ಪದ ಬಸ್ಸು! ಪಕ್ಕದಲ್ಲೇ ಅಂಥದ್ದಿದ್ದರೆ ಯಾವ ರಾಕ್ಷಸ ತಾನೇ ಚಿಕ್ಕವನಾಗಿ ಕಾಣುವುದಿಲ್ಲ? ಬೆಳಿಗ್ಗೆ ಯಾರೂ ಇಲ್ಲದಾಗ ಅವಳೇ ಇಟ್ಟಿದ್ದಳು. ‘ನನ್ ಬಸ್ ಸಿನಿಮಾದಲ್ಲಿ ಬರತ್ತೆ’ ಎಂದು ಇಡೀ ಕ್ಲಾಸಿಗೆ ಡಂಗುರ ಸಾರಿಯಾಗಿತ್ತು. ಎಲ್ಲರ ಕಣ್ಣೂ ರಾಕ್ಷಸನ ಮೇಲಿರುವಾಗ ಬಸ್ಸನ್ನು ನೋಡುವವರು ಯಾರು?

ಅಣ್ಣ ಮತ್ತೆ ನಡೆದ. ಮತ್ತೆ ಕಟ್. ರಾಕ್ಷಸನ ಬಾಯೊಳಗಿಂದ ಏದುಸಿರು ಕೇಳಿಸಿತು.

“ನೀರು ಕೊಡ್ಲಾ ಅಣ್ಣಾ?”

“ಬೇಡ್ವೇ. ತಲೆ ತೆಗೆದ್ರೆ ಮತ್ತೆ ಅಂಟಿಸೋಕೆ ಲೇಟಾಗತ್ತೆ. ಇವತ್ತು ಯಾಕೋ ನನಗೆ ನಡೆಯೋಕೇ ಬರ್ತಿಲ್ಲ ಗುಬ್ಬಿ.”

ಗುಬ್ಬಿ ತಡೆಯಲಾರದೆ ಕೂಗಿದಳು. “ತಪ್ಪು ಅವನದ್ದಲ್ಲ ಚಿಕ್ಕಮ್ಮಾ! ನನ್ ಬಸ್ಸು! ಅಲ್ಲಿ!”

ಕ್ಯಾಮೆರಾ ಮಾಮ ಹಣೆ ಚಚ್ಚಿಕೊಂಡ. “ಅಯ್ಯೋ ಶಿವನೇ, ಕಣ್ಣೆದುರೇ ಕೂತಿದೆಯಲ್ಲ!”

“ಮನೆಗೆ ತಗೊಂಡು ಹೋಗ್ತೀನಿ,” ಅಂದಳು ಗುಬ್ಬಿ.

ಚಿಕ್ಕಮ್ಮ ಬಯ್ಯಲಿಲ್ಲ. ಬಸ್ಸನ್ನೆತ್ತಿ ತಂದು ಕ್ಯಾಮೆರಾದ ಮೂಗಿನ ಕೆಳಗೇ ಇಟ್ಟಳು. “ಈಗ ಮಾನಿಟರ್ ನೋಡು. ಹತ್ತಿರ ಇರೋದು ದೊಡ್ಡದಾಗಿ ಕಂಡ್ರೆ ಯಾರೇನಂತಾರೆ?”

ಗುಬ್ಬಿ ನೋಡಿದಳು. ಬೀದಿ ಉದ್ದಕ್ಕೆ ಚಾಚಿಕೊಂಡಿತ್ತು. ಬಸ್ಸು ಇಲ್ಲೇ, ಹತ್ತಿರದಲ್ಲಿ. ಎಲ್ಲೋ ಆ ತುದಿಯಲ್ಲಿ, ಮನೆಗಳ ತಲೆಯ ಮೇಲೆ, ಬೆಟ್ಟದಂಥ ರಾಕ್ಷಸ.

ಈ ಸಲ ನಿಜವಾದ ಶಾಟ್. ಧಡಾರ್! ಬೀದಿ ಪುಡಿಪುಡಿಯಾಯಿತು. “ಓಕೆ! ಸೂಪರ್!” ಎಲ್ಲರೂ ಮಾನಿಟರ್ ಸುತ್ತ ಮುಗಿಬಿದ್ದರು.

ಅಣ್ಣ ಒಬ್ಬನೇ ಮೂಲೆಯ ಸ್ಟೂಲಿನಲ್ಲಿ ಕೂತಿದ್ದ. ರಾಕ್ಷಸನ ತಲೆ ನೆಲದ ಮೇಲಿತ್ತು. ಅಷ್ಟು ದೊಡ್ಡ ಮೈಯ ಮೇಲೆ ಅವನ ಒದ್ದೆ ತಲೆ ಎಷ್ಟು ಪುಟ್ಟದಾಗಿತ್ತು! ಗುಬ್ಬಿ ಒಮ್ಮೆಯೂ ಗಮನಿಸಿರಲಿಲ್ಲ.

“ಗುಬ್ಬೀ, ನಿನ್ ಬಸ್ ಬರ್ತಿದೆ, ಓಡಿ ಬಾ!” ಮಾನಿಟರ್ ಹತ್ತಿರದಿಂದ ಚಿಕ್ಕಮ್ಮ ಕೂಗಿದಳು.

“ಆಮೇಲೆ ನೋಡ್ತೀನಿ.”

ರಾಕ್ಷಸನ ಆ ಉಗುರುಗಳಿಂದ ಅಣ್ಣನಿಗೆ ಡಬ್ಬಿಯ ಮುಚ್ಚಳ ತೆಗೆಯಲು ಬರುವುದಿಲ್ಲ. ಗುಬ್ಬಿ ತನ್ನ ಊಟದ ಡಬ್ಬಿ ತೆರೆದಳು. ಎರಡು ರಬ್ಬರ್ ಉಗುರುಗಳ ನಡುವೆ ಚಮಚ ಸಿಕ್ಕಿಸಿ, ಡಬ್ಬಿಯನ್ನು ರಾಕ್ಷಸನ ತೊಡೆಯ ಮೇಲಿಟ್ಟಳು.