ದೊಣೆಮಾಳದ ಸಿಳ್ಳೆ

ಹಿಂಡಿನ ಮುಂದಿದ್ದ ಕರಿಯ ಟಗರು ಹುಲ್ಲು ಮೇಯುತ್ತ ಮೇಯುತ್ತ ಇನ್ನೂ ಎರಡು ಹೆಜ್ಜೆ ಇಟ್ಟಿತು. ಒಡನೆಯೇ ಅದರ ಕೊರಳಪಟ್ಟಿಯಿಂದ ಒಂದು ಸಿಳ್ಳೆ ಹೊರಟಿತು. ಉದ್ದಕ್ಕೆ ಏರಿ, ನಡುವೆ ಥಟ್ಟನೆ ಮುರಿದು, ಕೆಳಕ್ಕಿಳಿದು, ಕೊನೆಗೆ 'ಖೊಳ್' ಎಂಬ ಸಣ್ಣ ಕೆಮ್ಮಿನೊಂದಿಗೆ ಮುಗಿಯುವ ಸಿಳ್ಳೆ. ಟಗರು ತಲೆಯೆತ್ತಿ, ಬಾಯಲ್ಲಿದ್ದ ಹುಲ್ಲನ್ನು ಅಗಿಯುತ್ತಲೇ ಎಡಕ್ಕೆ ಹೊರಳಿತು. ಹಿಂದಿದ್ದ ಆರು ನೂರು ಕುರಿಗಳೂ, ಕುರಿಗಳ ಜಾಯಮಾನಕ್ಕೆ ತಕ್ಕಂತೆ, ಏಕೆಂದು ಕೇಳದೆ ಹೊರಳಿದವು. ಅವು ಬಿಟ್ಟುಹೋದ ಜಾಗದ ನಡುವೆ, ಹುಲ್ಲಿನ ಬುಡದ ಕುಳಿಯೊಂದರಲ್ಲಿ, ಮಣ್ಣಿನ ಬಣ್ಣದ ಪುಟ್ಟ ಹಕ್ಕಿ ಮೂರು ಮೊಟ್ಟೆಗಳ ಮೇಲೆ ಕೂತಿತ್ತು. ತಲೆಯ ಮೇಲಿನ ಜುಟ್ಟೊಂದನ್ನು ಬಿಟ್ಟರೆ ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಜನ ಅದನ್ನು ಜುಟ್ಟಿನ ನೆಲಗುಬ್ಬಿ ಎನ್ನುತ್ತಿದ್ದರು.

ದೂರದ ಬಂಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಕೆಂಚವ್ವ ಇದನ್ನೆಲ್ಲ ನೋಡಿ ತಲೆದೂಗಿದಳು. ಆ ಸಿಳ್ಳೆ ಅವಳದೇ. ಆ ಕೆಮ್ಮೂ ಅವಳದೇ. ಆದರೆ ಈಗ ಅವಳ ಬಾಯಿಂದ ಅದು ಹೊರಡುತ್ತಿರಲಿಲ್ಲ. ಹೋದ ವರ್ಷ ಮುಂದಿನ ಹಲ್ಲುಗಳು ಒಂದರ ಹಿಂದೆ ಒಂದು ಉದುರಿ, ಸಿಳ್ಳೆ ಹಾಕಿದರೆ ಬರೀ ಗಾಳಿ ಬರುತ್ತಿತ್ತು. ಐವತ್ತು ವರ್ಷ ಕುರಿ ಕಾಯ್ದವಳ ಸಿಳ್ಳೆ ಉಳಿದದ್ದು ಆರು ನೂರು ಕೊರಳಪಟ್ಟಿಗಳಲ್ಲಿ ಮಾತ್ರ. ಅದು ಅವಳಿಗೆ ಬಹಳ ನೋವಿನ ಸಂಗತಿಯಾಗಿತ್ತು. ಯಾರ ಮುಂದೆಯೂ ಆಡಿರಲಿಲ್ಲ, ಅಷ್ಟೇ.

ಆ ಯಂತ್ರಕ್ಕೆ ಕಾಗದಪತ್ರಗಳಲ್ಲಿ 'ಧ್ವನಿಸೀಮಾ' ಎಂಬ ಗಂಭೀರ ಹೆಸರಿತ್ತು. ಕುರಿಗಾರರ ಬಾಯಲ್ಲಿ ಅದು ಸಿಳ್ಳೆಬೇಲಿ. ತಂತಿಯಿಲ್ಲ, ಕಂಬವಿಲ್ಲ. ಪ್ರತಿ ಮುಂಜಾನೆ ಒಂದು ಡ್ರೋನ್ ಮಾಳದ ಮೇಲೆ ಹಾರುತ್ತಿತ್ತು. ಅದರ ಶಾಖದೃಷ್ಟಿಗೆ, ತಣ್ಣನೆಯ ನೆಲದ ಮೇಲೆ ಕಾವಿಗೆ ಕೂತ ಹಕ್ಕಿಯ ಮೈಬಿಸಿ ಕೆಂಡದ ಚುಕ್ಕಿಯಂತೆ ಕಾಣುತ್ತಿತ್ತು. ಪ್ರತಿ ಚುಕ್ಕಿಯ ಸುತ್ತ ಯಂತ್ರ ಹತ್ತು ಮಾರಿನ ಗೆರೆ ಎಳೆದು, ಆ ನಕ್ಷೆಯನ್ನು ಕುರಿಗಳ ಕೊರಳಿಗೆ ಕಳುಹಿಸುತ್ತಿತ್ತು. ಕುರಿ ಗೆರೆ ಮುಟ್ಟಿದರೆ ಸಿಳ್ಳೆ.

ಇಷ್ಟೆಲ್ಲ ಏಕೆ ಬೇಕಾಯಿತೆಂದರೆ, ದೊಣೆಮಾಳದ ಕಥೆ ಸ್ವಲ್ಪ ವಿಚಿತ್ರವಾದದ್ದು. ಬಂಡೆಗಳ ನಡುವೆ ನೀರು ನಿಲ್ಲುವ ದೊಣೆಗಳಿರುವ ಆ ಹುಲ್ಲುಬಯಲಿನಲ್ಲಿ ನೆಲಗುಬ್ಬಿಗಳು ಕಡಿಮೆಯಾಗುತ್ತಿವೆ, ಕುರಿಗಳು ಮೊಟ್ಟೆ ತುಳಿಯುತ್ತಿವೆ ಎಂದು ಜೀವನೆಲೆ ಸಮಿತಿಯವರು ಹಿಂದೊಮ್ಮೆ ಕುರಿಗಳನ್ನು ಹೊರಹಾಕಿದ್ದರು. ಆಮೇಲೆ ಆದದ್ದೇ ಬೇರೆ. ಮೇಯುವವರಿಲ್ಲದೆ ಹುಲ್ಲು ಎದೆಮಟ್ಟ ಬೆಳೆಯಿತು, ನಡುವೆ ಬಳ್ಳಾರಿ ಜಾಲಿ ಹಬ್ಬಿತು. ಗಿಡ್ಡ ಹುಲ್ಲಲ್ಲದೆ ಬೇರೆಲ್ಲೂ ಗೂಡು ಕಟ್ಟದ ನೆಲಗುಬ್ಬಿ ಇನ್ನಷ್ಟು ಕಡಿಮೆಯಾಗಿ, ಕೊನೆಗೆ ಹನ್ನೊಂದು ಗೂಡುಗಳಿಗೆ ಬಂದು ನಿಂತಿತು. ಕುರಿ ಬಂದರೆ ಮೊಟ್ಟೆ ಹೋಗುತ್ತದೆ, ಕುರಿ ಹೋದರೆ ಹಕ್ಕಿಯೇ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಆಗ ಬಂದವನು ಧಾರವಾಡದ ವಿಜ್ಞಾನಿ ಡಾ. ಪ್ರಭಂಜನ ಕಲಾದಗಿ. ಮೂರು ಮಳೆಗಾಲ ಕುರಿಗಳಿಗೆ ಅವಕಾಶ ಕೊಡಿ, ಮೊಟ್ಟೆ ಕಾಯುವ ಹೊಣೆ ನನ್ನದು ಎಂದು ಸಮಿತಿಯನ್ನು ಒಪ್ಪಿಸಿದ. ಅವನ ಮೊದಲ ಕೊರಳಪಟ್ಟಿ 'ಕೀಂ' ಎಂದು ಕೂಗಿ, ಬಳಿಕ ಸಣ್ಣದೊಂದು ವಿದ್ಯುತ್ ಚುರುಕು ಮುಟ್ಟಿಸುತ್ತಿತ್ತು. ಪ್ರಯೋಗಾಲಯದಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡಿತ್ತು. ಆದರೆ ಮಾಳದ ಕುರಿಗಳಿಗೆ ಗೇಣು ದಪ್ಪ ಉಣ್ಣೆ. ಚುರುಕು ಉಣ್ಣೆಯಲ್ಲೇ ಉಳಿಯಿತು, ಕುರಿ ಗೆರೆ ದಾಟಿತು, ಮೊದಲ ವಾರದಲ್ಲೇ ನಾಲ್ಕು ಗೂಡು ಹೋದವು.

ಕೆಂಚವ್ವ ಅವನ ಯಂತ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದ್ದಳು, "ಇದರ ಕೂಗು ಕುರೀಗೆ ಗೊತ್ತೈತೇನು ತಮ್ಮಾ?"

"ಇಲ್ಲ ಯವ್ವಾ. ಕಲೀತಾವ."

"ಗೊತ್ತಿಲ್ಲದವ್ರು ಕೂಗಿದ್ರ ನೀನರ ಹೊಳ್ಳಿ ನೋಡ್ತೀಯೇನು? ನನ್ನ ಸಿಳ್ಳಿ ಹಾಕು ಇದರಾಗ. ಹುಟ್ಟಿದಾಗಿಂದ ಕೇಳ್ಯಾವು."

ಕಲಾದಗಿ ಅಲ್ಲೇ ಧ್ವನಿಮುದ್ರಣಕ್ಕೆ ಸಜ್ಜಾದ. ಕೆಂಚವ್ವ ಒಪ್ಪಲಿಲ್ಲ. ಎರಡು ಗುಡ್ಡ ದಾಟಿ, ಕುರಿಗಳ ಕಿವಿಗೆ ಕೇಳಿಸದಷ್ಟು ದೂರ ಅವನನ್ನು ನಡೆಸಿಕೊಂಡು ಹೋದಳು.

"ಇಷ್ಟು ದೂರ ಯಾಕ ಯವ್ವಾ?"

"ಇದು ಹೊಳ್ಳಿಸೋ ಸಿಳ್ಳಿ. ಮುಂದ ಹಾಳುಬಾವಿ ಐತಿ, ತ್ವಾಳ ಐತಿ, ನಂಜಿನ ಗಿಡ ಐತಿ ಅಂದಾಗಷ್ಟ ಹಾಕೂದು. ಸುಮ್ಮಸುಮ್ಮನ ಒಮ್ಮೆ ಹಾಕಿದ್ರ, ಎರಡನೇ ಸರ್ತಿ ಕುರಿ ನಂಬಂಗಿಲ್ಲ. ನಮ್ಮ ಮಾವ ಹೇಳತಿದ್ದ, ಮನಷಾರ ಮುಂದ ಬೇಕಾದ್ರ ಸುಳ್ಳ ಹೇಳು, ಕುರಿ ಮುಂದ ಸುಳ್ಳ ಸಿಳ್ಳಿ ಹಾಕಬ್ಯಾಡ ಅಂತ."

ಹಾಗೆಂದು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಗುಡ್ಡ ಹತ್ತಿದ ಆಯಾಸಕ್ಕೆ ಕೊನೆಯಲ್ಲಿ ಕೆಮ್ಮು ಬಂತು. ಇನ್ನೊಮ್ಮೆ ಹಾಕು ಎಂದರೆ ಹಾಕಲಿಲ್ಲ. ಎಳೆಯ ವಯಸ್ಸಿನಲ್ಲಿ ಸಿಳ್ಳೆ ಹಾಕಿದಾಗಲೆಲ್ಲ, ಹೆಣ್ಣಾಗಿ ಹುಟ್ಟಿ ಸಿಳ್ಳೆ ಹಾಕಿ ಮನೆಗೆ ಶನಿ ಕರೆಯುತ್ತೀಯಾ ಎಂದು ತಾಯಿ ಬಾಯಿಯ ಮೇಲೆ ಬಡಿಯುತ್ತಿದ್ದಳಂತೆ. ಗಂಡ ಸತ್ತ ಮೇಲೆ, ಹಿಂಡು ಇವಳ ಪಾಲಿಗೆ ಬಂದ ಮೇಲೆ, ಅದೇ ಸಿಳ್ಳೆ ಮನೆ ನಡೆಸಿತು. ಕೆಮ್ಮು ಸಹಿತ ಮುದ್ರಣವನ್ನೇ ಕಲಾದಗಿ ಪಟ್ಟಿಗಳಿಗೆ ತುಂಬಿದ. ಚುರುಕು ಮುಟ್ಟಿಸುವ ಭಾಗವನ್ನು ಕಿತ್ತೆಸೆದ. ಮರುದಿನದಿಂದಲೇ ಕುರಿಗಳು ಹೊರಳತೊಡಗಿದವು.

ಈಗ ಮೂರನೆಯ ಮಳೆಗಾಲ. ಸುತ್ತಲಿನ ಬಯಲುಗಳಿಂದಲೂ ಹಕ್ಕಿಗಳು ಬಂದು ಸೇರಿ, ನಕ್ಷೆಯಲ್ಲಿ ಇನ್ನೂರ ಹದಿಮೂರು ಗೂಡುಗಳು. ಜಾಲಿಯ ಮೊಳಕೆಗಳನ್ನು ಕುರಿಗಳೇ ಕಡಿದು ಮುಗಿಸಿದ್ದವು, ಚಿಗರೆಗಳು ಮರಳಿದ್ದವು, ಅವುಗಳ ಹಿಂದೆ ತೋಳವೂ ಬಂದು ಕೆಂಚವ್ವನ ಎರಡು ಮರಿ ತಿಂದಿತ್ತು. "ತ್ವಾಳಕ್ಕೂ ಹೊಟ್ಟಿ ಐತಿ" ಎಂದು ಅವಳು ಮೂರು ದಿನ ಬೈದು ಸುಮ್ಮನಾಗಿದ್ದಳು. ಉಳಿದದ್ದು ಕೊನೆಯ ಪರೀಕ್ಷೆ. ಸಮಿತಿಯವರ ಕಣ್ಣೆದುರು ಹಿಂಡು ಮೂಡಲ ದೊಣೆಯಿಂದ ಪಡುವಲ ಗುಡ್ಡದವರೆಗೆ ಮೇಯುತ್ತ ಹೋಗಬೇಕು. ಒಂದೇ ಒಂದು ಮೊಟ್ಟೆ ಒಡೆದರೂ ಒಡಂಬಡಿಕೆ ಮುಗಿಯಿತು. ಮಾಳಕ್ಕೆ ತಂತಿಬೇಲಿ ಬೀಳುತ್ತದೆ, ಕೆಂಚವ್ವನೂ ಅವಳ ಜೊತೆಯ ನಲವತ್ತು ಕುರಿಗಾರ ಮನೆಗಳೂ ಬೇರೆ ದಾರಿ ನೋಡಿಕೊಳ್ಳಬೇಕು. ತಂತಿಯ ಸುರುಳಿಗಳು ಲಾರಿಯಲ್ಲಿ ಬಂದು ಮಾಳದ ಅಂಚಿನಲ್ಲಿ ಆಗಲೇ ಕಾಯುತ್ತಿದ್ದವು.

ಪರೀಕ್ಷೆಗೆ ಎಂಟು ದಿನ ಮೊದಲು ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ಎಂಟು ದಿನ ಸೂರ್ಯ ಮುಖ ತೋರಿಸಲಿಲ್ಲ. ಕೊರಳಪಟ್ಟಿಗಳು ಬಿಸಿಲು ಕುಡಿದು ಬದುಕುವಂಥವು. ಆರನೆಯ ದಿನ ಅವು ಮೂಕವಾದವು. ಕೆಂಚವ್ವ ಕುರಿಗಳನ್ನು ಮುಳ್ಳಿನ ಹಟ್ಟಿಯಲ್ಲಿ ಕೂಡಿ, ಹೊತ್ತು ತಂದ ಸೊಪ್ಪು ಹಾಕಿದಳು. ಆರು ನೂರು ಹೊಟ್ಟೆಗಳಿಗೆ ಅದು ಯಾವ ಮೂಲೆಗೆ ಸಾಕು?

ಒಂಬತ್ತನೆಯ ದಿನ ಮುಂಜಾನೆ ಸಮಿತಿಯ ಮುಖ್ಯಸ್ಥೆ ಸರಯೂ ಹೆಬ್ಬಾರ್ ಬಂದರು. ಕರಾವಳಿಯವರು, ಹಕ್ಕಿಗಳಿಗಾಗಿಯೇ ಬದುಕು ಸವೆಸಿದವರು. ಹಿಂದೆ ಆ ಹನ್ನೊಂದು ಗೂಡುಗಳನ್ನು ಎಣಿಸಿದ್ದವರೂ ಅವರೇ. ಕಲಾದಗಿ ಇದ್ದದ್ದನ್ನು ಇದ್ದಂತೆ ಹೇಳಿ, ನಾಲ್ಕು ದಿನ ಗಡುವು ಕೇಳಿದ.

"ಡಾಕ್ಟರೇ, ಮಳೆಗಾಲದಲ್ಲಿ ಮೋಡ ಕವಿಯುತ್ತದೆ ಎಂಬುದು ನಿಮಗೆ ಹೊಸ ಸುದ್ದಿಯೇ?" ಎಂದರು ಸರಯೂ. "ಹಕ್ಕಿಗಳು ಮೊಟ್ಟೆಯಿಡುವುದೂ ಮಳೆಗಾಲದಲ್ಲೇ. ಮೋಡ ಬಂದರೆ ಮಲಗುವ ಬೇಲಿಗೆ ನಾನು ಮೊಟ್ಟೆಗಳನ್ನು ಹೇಗೆ ಒಪ್ಪಿಸಲಿ? ನನಗೆ ಕುರಿಗಳ ಮೇಲೆ ದ್ವೇಷವಿಲ್ಲ. ಆದರೆ ಇನ್ನೊಮ್ಮೆ ಹನ್ನೊಂದು ಎಣಿಸುವ ಶಕ್ತಿ ನನ್ನಲ್ಲಿಲ್ಲ."

ಆ ಮಾತು ನ್ಯಾಯವಾದದ್ದೆಂದು ಕಲಾದಗಿಗೆ ಗೊತ್ತಿತ್ತು. ಕೆಂಚವ್ವನಿಗೂ ಗೊತ್ತಿತ್ತು. ಅದೇ ಅವಳಿಗೆ ಹೆಚ್ಚು ಸಂಕಟ ತಂದಿತು. "ಅಕ್ಕಾರ, ಇದೊಂದು ಸರ್ತಿ..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದೆ ಮುಳ್ಳು ಮುರಿದ ಸದ್ದು.

ಹಸಿದ ಕರಿಯ ಟಗರು ಹಟ್ಟಿಯ ಬಾಗಿಲಿಗೆ ತಲೆಕೊಟ್ಟು ನುಗ್ಗಿತ್ತು. ಅದರ ಹಿಂದೆ ಆರು ನೂರು ಕುರಿಗಳು ಒಡ್ಡು ಒಡೆದ ನೀರಿನಂತೆ ಮಾಳಕ್ಕೆ ಹರಿದವು.

"ಮೊಟ್ಟೆ! ಮೊಟ್ಟೆ!" ಎಂದು ಸರಯೂ ಕೂಗಿದರು. ಕಲಾದಗಿ ಓಡಿದ, ಜಾರಿ ಬಿದ್ದ. ಕೆಂಚವ್ವ ಕಂಬಳಿ ಎಸೆದು, ಎರಡು ಬೆರಳು ಬಾಯಿಗಿಟ್ಟು, ಜೀವವನ್ನೆಲ್ಲ ಒಟ್ಟುಗೂಡಿಸಿ ಊದಿದಳು. ಫೂ ಎಂದು ಗಾಳಿ ಬಂತು. ಮತ್ತೊಮ್ಮೆ ಊದಿದಳು. ಮತ್ತೆ ಗಾಳಿ. ಅವಳ ಕಣ್ಣಲ್ಲಿ ನೀರು ಬಂತು. ಐವತ್ತು ವರ್ಷದಲ್ಲಿ ಇಂಥ ಅನಾಥ ಭಾವ ಅವಳಿಗೆ ಎಂದೂ ಬಂದಿರಲಿಲ್ಲ.

ಆಗ ಸಿಳ್ಳೆ ಕೇಳಿಸಿತು.

ಉದ್ದಕ್ಕೆ ಏರಿ, ನಡುವೆ ಮುರಿದು, ಕೆಳಕ್ಕಿಳಿದು, 'ಖೊಳ್'. ಟಗರು ಗಕ್ಕನೆ ನಿಂತು ಎಡಕ್ಕೆ ಹೊರಳಿತು. ಹಿಂಡು ಹೊರಳಿತು. ಇನ್ನಷ್ಟು ಮುಂದೆ ಮತ್ತೊಂದು ಸಿಳ್ಳೆ, ಹಿಂಡು ಬಲಕ್ಕೆ. ಮತ್ತೊಂದು. ಮಗದೊಂದು. ಆರು ನೂರು ಕುರಿಗಳು ಹಾವಿನಂತೆ ಬಳುಕುತ್ತ, ಅಲ್ಲಲ್ಲಿ ದುಂಡಗೆ ಜಾಗ ಬಿಡುತ್ತ, ಮೇಯುತ್ತ ಮೇಯುತ್ತ ಪಡುವಲ ಗುಡ್ಡ ಮುಟ್ಟಿದವು.

ಸರಯೂ ನಕ್ಷೆ ಹಿಡಿದು ಹಿಂಡಿನ ಜಾಡಿನಲ್ಲಿ ನಡೆದರು. ಕೆಸರಿನಲ್ಲಿ ಮಂಡಿಯೂರಿ ಒಂದೊಂದೇ ಗೂಡು ನೋಡಿದರು. ದಾರಿಯಲ್ಲಿದ್ದದ್ದು ಮೂವತ್ತೊಂದು ಗೂಡು. ಮೂವತ್ತೊಂದೂ ನೆಟ್ಟಗಿದ್ದವು. ಎದ್ದು ನಿಂತಾಗ ಅವರ ಮುಖದಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

"ಪಟ್ಟಿಗಳು ಸತ್ತಿವೆ ಎಂದಿರಿ!"

ಕಲಾದಗಿ ಟಗರಿನ ಪಟ್ಟಿ ಬಿಚ್ಚಿ ಅವರ ಕೈಗಿಟ್ಟ. ಅದು ಸತ್ತೇ ಇತ್ತು.

"ಹಾಗಾದರೆ ಸಿಳ್ಳೆ ಹಾಕಿದವರು ನೀವೇ" ಎಂದು ಅವರು ಕೆಂಚವ್ವನ ಕಡೆ ತಿರುಗಿದರು.

ಕೆಂಚವ್ವ ಬಾಯಿ ಅಗಲಿಸಿ ತೋರಿಸಿದಳು. "ನೋಡ್ರಿ ಅಕ್ಕಾರ. ಹಲ್ಲ ಇದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂದಂಗ ಆಗೈತಿ ನನ್ನ ಬಾಳೇವು. ಎಲ್ಲಿ ಸಿಳ್ಳಿ ಹಾಕ್ಲಿ?"

ಅವಳು ಬಾಯಿ ಮುಚ್ಚುವ ಮೊದಲೇ, ಅವರ ಕಾಲಿನ ಬಳಿಯ ಹುಲ್ಲಿನಿಂದ ನೆಲಗುಬ್ಬಿಯೊಂದು ಭರ್ರೆಂದು ಮೇಲಕ್ಕೆದ್ದಿತು. ಜುಟ್ಟು ನಿಮಿರಿಸಿ, ತಲೆಯ ಮೇಲೆ ಸುತ್ತು ಹಾಕುತ್ತ, ಮೂವರನ್ನೂ ಗದರಿಸುವಂತೆ ಸಿಳ್ಳೆ ಹಾಕಿತು. ಏರಿ, ಮುರಿದು, ಇಳಿದು, ಕೊನೆಗೆ ಸ್ಪಷ್ಟವಾಗಿ, 'ಖೊಳ್'.

ಸರಯೂ ಹೆಬ್ಬಾರ್ ತಮಗೆ ತಿಳಿಯದಂತೆಯೇ ಎರಡು ಹೆಜ್ಜೆ ಹಿಂದೆ ಸರಿದರು. ಹಾಗೆ ಸರಿದದ್ದು ಗೊತ್ತಾದಾಗ ಗಟ್ಟಿಯಾಗಿ ನಕ್ಕುಬಿಟ್ಟರು.

"ಇದು ಅನುಕರಣೆಯ ಹಕ್ಕಿ, ನನಗೆ ಗೊತ್ತಿತ್ತು. ಬೇರೆ ಹಕ್ಕಿಗಳ ಕೂಗನ್ನೆಲ್ಲ ಕದಿಯುತ್ತದೆ. ಆದರೆ ಇದನ್ನು..."

ಕಲಾದಗಿ ಅಲ್ಲೇ ಬಂಡೆಯ ಮೇಲೆ ಕೂತು ಮೂರು ವರ್ಷದ ದಾಖಲೆ ತೆರೆದ. ಉತ್ತರ ಅದರಲ್ಲೇ ಇತ್ತು. ಗೂಡಿನ ಬಳಿ ಕುರಿಗಳು ಹೊರಳಿದಾಗ, ಮೊದಲ ವರ್ಷ ಎಲ್ಲ ಸಲವೂ ಪಟ್ಟಿಗಳೇ ಸಿಳ್ಳೆ ಹಾಕಿದ್ದವು; ಎರಡನೆಯ ವರ್ಷ ಮುಕ್ಕಾಲು ಪಾಲು, ಈ ವರ್ಷ ಅರ್ಧಕ್ಕಿಂತ ಕಡಿಮೆ. ಯಂತ್ರ ಕೆಡುತ್ತಿದೆ ಎಂದುಕೊಂಡು ಅವನು ಅದನ್ನು ಮೂರು ಸಲ ರಿಪೇರಿ ಮಾಡಿದ್ದ! ಕುರಿಯ ಕೊರಳಲ್ಲಿ ಮೊಳಗಿದ ಸಿಳ್ಳೆಯನ್ನು ಗೂಡಿನ ಪಕ್ಕದಿಂದಲೇ ಹಕ್ಕಿಗಳು ಕೇಳಿದ್ದವು. ಹೇಗೋ ಒಂದು ಗಂಡು ಹಕ್ಕಿ ಅದನ್ನು ಕಲಿತು ಹಾಡಿತು. ಯಂತ್ರದ ಕಣ್ಣಿಗೆ ತಪ್ಪಿದ ಗೂಡಾದರೂ ಅದರ ಮೊಟ್ಟೆ ಉಳಿಯಿತು. ಹಾಡದ ಹಕ್ಕಿಗಳ ಮೊಟ್ಟೆ ಆಗೊಮ್ಮೆ ಈಗೊಮ್ಮೆ ಹೋಯಿತು. ಉಳಿದ ಮರಿಗಳು ಅಪ್ಪನ ಹಾಡನ್ನೇ ಕಲಿತವು. ಜನರೋ, ಮಾಳದಲ್ಲಿ ಕೇಳಿಸುವ ಸಿಳ್ಳೆಯೆಲ್ಲ ಪಟ್ಟಿಯದೇ ಎಂದುಕೊಂಡಿದ್ದರು.

"ಅದು ಸರಿ, ಕುರಿಗಳೇಕೆ ಹಕ್ಕಿಯ ಮಾತು ಕೇಳಬೇಕು?" ಎಂದರು ಸರಯೂ.

"ಹಕ್ಕಿ ಸುಳ್ಳ ಸಿಳ್ಳಿ ಹಾಕಿಲ್ಲಲ್ರಿ ಅಕ್ಕಾರ" ಎಂದಳು ಕೆಂಚವ್ವ. "ಮನಿ ಐತಿ ಅಂದಲ್ಲೇ ಹಾಕೇತಿ. ಖರೇ ಸಿಳ್ಳಿಗೆ ಕುರಿ ಹೊಳ್ಳತೈತಿ, ಯಾರರ ಹಾಕ್ಲಿ."

ಬೇಲಿಯೇ ಎದ್ದು ಹೊಲ ಮೇಯ್ದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಕಾವಲು ಬೇಕಾಗಿದ್ದವರೇ ಎದ್ದು ಬೇಲಿಯಾದದ್ದು ದೊಣೆಮಾಳದಲ್ಲಿ ಮಾತ್ರ. ಆ ಸಂಜೆಯೇ ತಂತಿಯ ಲಾರಿ ಬಂದ ದಾರಿ ಹಿಡಿಯಿತು. ಸರಯೂ ಹೆಬ್ಬಾರ್ ತಮ್ಮ ವರದಿಯ ಮೊದಲ ಸಾಲಿನಲ್ಲೇ ಮಾಳ ಕುರಿಗಳಿಗೂ ಹಕ್ಕಿಗಳಿಗೂ ಶಾಶ್ವತವಾಗಿ ಸೇರಿದ್ದು ಎಂದು ಬರೆದರು. ನಲವತ್ತು ಕುರಿಗಾರ ಮನೆಗಳವರು ಭಂಡಾರ ಹಾರಿಸಿ ಡೊಳ್ಳು ಬಾರಿಸಿದರು.

ಮರುವರ್ಷ ಪಟ್ಟಿಗಳನ್ನು ಬಿಚ್ಚಲು ಕಲಾದಗಿಯೇ ಬಂದ. ಬದುಕಿನ ಹತ್ತು ವರ್ಷ ಹಾಕಿ ಕಟ್ಟಿದ ಯಂತ್ರ ಯಾರಿಗೂ ಬೇಡವಾಗಿತ್ತು. ಒಂದೊಂದೇ ಪಟ್ಟಿಯನ್ನು ಚೀಲಕ್ಕೆ ಹಾಕುತ್ತ ಅವನು ಮದುವೆ ಮನೆಯವನಂತೆ ನಗುತ್ತಿದ್ದ.

"ಯವ್ವಾ, ಧಾರವಾಡಕ್ಕ ಬಾ. ಛಲೋ ಹಲ್ಲ ಕಟ್ಟಿಸ್ತೀನಿ. ಮತ್ತ ಸಿಳ್ಳಿ ಹಾಕಬಹುದು."

ಕೆಂಚವ್ವ ಕಣ್ಣೆತ್ತಿ ಹಿಂಡಿನ ಕಡೆ ನೋಡಿದಳು. ಮುಂದೆ ತೆಂಕಣ ಇಳಿಜಾರಿನಲ್ಲಿ ಮಾಳದಲ್ಲೇ ಒಳ್ಳೆಯ ಹುಲ್ಲಿತ್ತು. ಟಗರು ಆಸೆಯಿಂದ ಅತ್ತ ಹೊರಟಿತ್ತು. ಇಳಿಜಾರಿನ ಮೇಲೊಂದು ಹಕ್ಕಿ ಎದ್ದು ಸಿಳ್ಳೆ ಹಾಕಿತು. ಟಗರು ಹೊರಳಿತು. ಇನ್ನೊಂದು ಎದ್ದಿತು, ಮತ್ತೊಂದು. ಕಣ್ಣು ಹರಿದಷ್ಟು ದೂರ ಮಾಳವೆಲ್ಲ ಅವಳ ಸಿಳ್ಳೆ, ಅವಳ ಕೆಮ್ಮು.

"ಬ್ಯಾಡ ಬಿಡೋ ತಮ್ಮಾ. ಹಲ್ಲ ತಗೊಂಡು ಏನ ಮಾಡ್ಲಿ? ನಾ ಸತ್ತ ಮ್ಯಾಲೂ ಕೆಮ್ಮತೀನಿ ಇಲ್ಲೆ."

ಆಮೇಲೆ ಏನೋ ನೆನಪಾಗಿ, ಬೊಚ್ಚುಬಾಯಿ ತೆರೆದು ನಗತೊಡಗಿದಳು. ನಗು ನಿಲ್ಲಲೇ ಇಲ್ಲ.

"ಏನಾತು ಯವ್ವಾ?"

"ನಮ್ಮವ್ವ ಇದ್ದಿದ್ರ ಎಷ್ಟು ಹಕ್ಕಿ ಬಾಯಿಗೆ ಬಡೀತಿದ್ಲೋ!" ಎಂದು ಕಣ್ಣೊರೆಸಿಕೊಂಡು, ಹಕ್ಕಿಗಳು ತೋರಿಸಿದ ದಾರಿಯಲ್ಲಿ ಕುರಿಗಳ ಹಿಂದೆ ಹೊರಟಳು.